ಬಿಳಿ ಬಟ್ಟೆಯವರು ಬಂದ ದಿನ

ಹಂಚಿನ ಮೇಲೆ ಒಂದು ಸಣ್ಣ ರೊಟ್ಟಿ ಸೀದು ಹೊಗೆಯಾಡುತ್ತಿತ್ತು. ಮಗುಚಲು ಒಲೆಯ ಮುಂದೆ ಯಾರೂ ಇರಲಿಲ್ಲ. ಪಂಚಶೀಲಾ ಬಾಗಿಲಲ್ಲೇ ನಿಂತು ಎರಡು ಸಲ ಕರೆದಳು. ಪಕ್ಕದ ಮನೆಯಲ್ಲೂ ಒಲೆ ಉರಿಯುತ್ತಿತ್ತು, ಅಲ್ಲೂ ಯಾರಿಲ್ಲ. ಅದರಾಚೆಯ ಅಂಗಳದಲ್ಲಿ ಗೂಟಕ್ಕೆ ಕಟ್ಟಿದ ಆಡೊಂದು ಮೇಯುವುದನ್ನು ನಿಲ್ಲಿಸಿ ಅವಳನ್ನೇ ನೋಡುತ್ತಿತ್ತು.

ಸೊನ್ನದ ಬ್ಯಾರೇಜಿನಿಂದ ಕೆಳಗೆ, ಭೀಮಾ ಹೊಳೆಯ ದಂಡೆಗೆ ಹತ್ತಿಕೊಂಡಿರುವ ಓಣಿ ಅದು. ಕಬ್ಬು ಕಡಿಯುವವರ ಮನೆಗಳು. ಹಿಂದಿನ ಸಂಜೆ ಇಲ್ಲಿಂದಲೇ ಜಗದೇವ ಎಂಬಾತ ಯಾರದೋ ಫೋನಿನಿಂದ ವಿಹಾರದ ನಂಬರಿಗೆ ಕರೆ ಮಾಡಿದ್ದ. "ಪುಣೆಯಿಂದ ನಡಕೋತ ಬಂದೇನ್ರಿ ಅಕ್ಕಾರ. ಮನ್ಯಾಗ ಹೆಂಡ್ತಿಗಿ ದಿನಾ ತುಂಬ್ಯಾವ. ಹಿಟ್ಟು ಇವತ್ತು ನಾಳಿಗಿ ಅಷ್ಟೇ ಅದ." ಕೂಡಲೇ ಬರುತ್ತೇವೆಂದು ಪಂಚಶೀಲಾ ಮಾತು ಕೊಟ್ಟಿದ್ದಳು. ಈಗ ಆ ಫೋನ್ ಸ್ವಿಚ್ ಆಫ್ ಆಗಿತ್ತು.

ಅಂದು ಬುದ್ಧ ಪೂರ್ಣಿಮೆ. ಲಾಕ್‌ಡೌನಿನಿಂದ ಜೇವರ್ಗಿಯ ವಿಹಾರಕ್ಕೆ ಬೀಗ ಬಿದ್ದಿತ್ತು. ಹಬ್ಬವನ್ನು ಹಸಿದವರ ಮನೆ ಬಾಗಿಲಲ್ಲಿ ಮಾಡೋಣ ಎಂದು ಕಮಿಟಿಯವರು ತೀರ್ಮಾನಿಸಿದ್ದರು. ಆಳಂದದವರು ತೊಗರಿಬೇಳೆ ಕಳಿಸಿದ್ದರು. ಬರೀ ಅಕ್ಕಿ ಕೊಟ್ಟರೆ ಈ ಕಡೆಯವರಿಗೆ ಉಂಡಂತಾಗುವುದಿಲ್ಲವೆಂದು ಚೀಲಗಳಲ್ಲಿ ಜೋಳದ ಹಿಟ್ಟನ್ನೂ ತುಂಬಿದ್ದರು. ಬೆಳಿಗ್ಗೆ ಪಂಚಶೀಲಾ ಮತ್ತು ಕಮಿಟಿಯ ಹಿರಿಯ ದೇವೀಂದ್ರಪ್ಪ ಇಬ್ಬರೂ ಪೂರ್ಣಿಮೆಯ ಅಷ್ಟಶೀಲ ವ್ರತ ತೆಗೆದುಕೊಂಡು, ಅದರ ಪದ್ಧತಿಯಂತೆ ಅಡಿಯಿಂದ ಮುಡಿಯವರೆಗೆ ಬಿಳಿ ಉಟ್ಟು ಹೊರಟಿದ್ದರು. ಅತನೂರಿನಲ್ಲಿ ಹಂಚಿಕೆ ಸಲೀಸಾಗಿ ನಡೆದಿತ್ತು. ಅದು ದೇವೀಂದ್ರಪ್ಪನವರ ಹೆಂಡತಿಯ ತವರೂರು.

ಇಲ್ಲಿ ಮಾತ್ರ ಓಣಿಗೆ ಓಣಿಯೇ ಮಾಯವಾಗಿತ್ತು.

"ಮಂದಿ ಮಲಗ್ಯಾರೇನೋ," ಎಂದರು ದೇವೀಂದ್ರಪ್ಪ. ಮೂವತ್ತು ವರ್ಷ ಬಸ್ಸಿನಲ್ಲಿ ಕಂಡಕ್ಟರಾಗಿದ್ದವರು. ಗಂಟಲು ಇನ್ನೂ ನಿವೃತ್ತಿಯಾಗಿರಲಿಲ್ಲ. ಟೆಂಪೋಕ್ಕೆ ಕಟ್ಟಿದ್ದ ಮೈಕು ಹಿಡಿದು ಕೂಗಿದರು: "ಎಲ್ಲಾರೂ ಹೊರಗ ಬರ್ರಿ! ಯಾರೂ ಹೆದರಬ್ಯಾಡ್ರಿ! ದೂರ ದೂರ ಸಾಲಾಗಿ ನಿಲ್ಲರಿ!"

ಮನೆಗಳ ಹಿಂದೆ ಆಳೆತ್ತರ ನಿಂತಿದ್ದ ಕಬ್ಬಿನಲ್ಲಿ ಏನೋ ಸರಸರ ಸರಿದು ಇನ್ನಷ್ಟು ಒಳಗೆ ಹೋಯಿತು. ಗಾಳಿಯಿರಲಿಲ್ಲ.

"ಹಂದಿ," ಎಂದ ಟೆಂಪೋದ ಡ್ರೈವರ್ ಅಬ್ದುಲ್ ಗನಿ, ಸ್ಟೇರಿಂಗಿಗೆ ತಲೆಯಾನಿಸಿಕೊಂಡೇ. ರಂಜಾನಿನ ಉಪವಾಸ. ಬೆಳಗಿನಿಂದ ಹೊಟ್ಟೆಯಲ್ಲಿ ಹನಿ ನೀರಿಲ್ಲದೆ ಊರಿಗೆಲ್ಲ ಊಟ ಹೊರುತ್ತಿದ್ದ.

"ಹಂದಿ ಅಲ್ಲ," ಎಂದಳು ಪಂಚಶೀಲಾ.

ಸೀದ ರೊಟ್ಟಿಯ ಮನೆಯೊಳಗಿನ ಕತ್ತಲಿನಿಂದ ಒಂದು ದನಿ ಬಂತು. "ನನಗೇನೂ ಇಲ್ರಿ! ಕೆಮ್ಮಿಲ್ಲ, ನೆಗಡಿ ಇಲ್ಲ, ಜ್ವರಾ ಇಲ್ಲ. ಮೊಣಕಾಲು ನೋವು ಒಂದದ, ಅದು ಹಳೇದು. ಅದಕ್ಕ ಒಯ್ಯಂಗಿಲ್ಲ, ಹೌದಿಲ್ಲೊ?"

ಮೂಲೆಯಲ್ಲಿ ಗೋಡೆಗೊರಗಿ ಮುದುಕಿಯೊಬ್ಬಳು ಕಾಲು ನೀಡಿ ಕೂತಿದ್ದಳು. ಸೆರಗನ್ನು ಮೂಗಿನವರೆಗೂ ಸುತ್ತಿಕೊಂಡಿದ್ದಳು.

"ಯವ್ವಾ, ನಾವು ಒಯ್ಯಾಕ ಬಂದಿಲ್ಲ. ಕೊಡಾಕ ಬಂದೇವಿ."

"ಹಂಗೇ ಅಂತಾರ. ಮೊದಲ ಬಿಸ್ಕೀಟ್ ಕೊಡ್ತಾರ, ಆಮ್ಯಾಲ ಗಾಡಿ ಹತ್ತು ಅಂತಾರ."

"ಜಗದೇವನ ಮನಿ ಇದೇ ಅಲ್ಲೇನು? ಎಲ್ಲಿ ಹ್ವಾದ?"

"ಯಾವ ಜಗದೇವ? ನನಗ ಮಕ್ಕಳೇ ಇಲ್ಲ."

ಗನಿ ಕೆಳಗಿಳಿದು ಬಂದು ಬಾಗಿಲಿಂದ ಇಣುಕಿದ. ಹಗ್ಗದ ಮೇಲೆ ಒಣಗುತ್ತಿದ್ದ ಪ್ಯಾಂಟನ್ನು ತೋರಿಸಿ, "ಮತ್ತ ಇದು ಯಾರ್ದು ಅಮ್ಮಾ? ನೀನು ಹಾಕೋತೀಯೇನು?" ಎಂದ.

"ಹಾಕೋತೇನಿ. ನಿನ್ನ ಗಂಟೇನು ಹೋತು?"

ಗನಿ ನಕ್ಕುಬಿಟ್ಟ. ಪಂಚಶೀಲಾಗೆ ನಗು ಬರಲಿಲ್ಲ. ಅವಳ ಕಣ್ಣು ಗೋಡೆಯ ಮೇಲಿನ ಬಾಬಾಸಾಹೇಬರ ಫೋಟೋದ ಕಡೆ, ಅದಕ್ಕೆ ಹಾಕಿದ್ದ ಒಣಗಿದ ಹಾರದ ಕಡೆ ಹೋಯಿತು. ಅವಳು ಅಂಗಳಕ್ಕೆ ಹಿಂದೆ ಸರಿದು, ದೂರ ನಿಂತು, ಮುಖದ ಮಾಸ್ಕನ್ನು ಕೆಳಗಿಳಿಸಿದಳು.

"ಜೈ ಭೀಮ್ ಯವ್ವಾ. ಜೇವರ್ಗಿ ವಿಹಾರದವರು ನಾವು."

ಮುದುಕಿ ಸೆರಗು ಸರಿಸಿ ಕಣ್ಣು ಕಿರಿದು ಮಾಡಿ ನೋಡಿದಳು. "ವಿಹಾರದವರು ಅಂದ್ರ ಮೈಮ್ಯಾಲ ಇದೇನು ಮತ್ತ? ಹೊಳಿ ಆಚಿ ಊರಿಗಿ ಬಂದವರೂ ಹಿಂಗೇ ತಲಿಯಿಂದ ಕಾಲತನಕ ಬಿಳೇ ಬಟ್ಟಿ ಹಾಕಿದ್ರಂತ. ಮೈಕಿನ್ಯಾಗ ಹಿಂಗೇ, ಹೆದರಬ್ಯಾಡ್ರಿ, ಸಾಲು ನಿಲ್ಲರಿ ಅಂದ್ರಂತ. ಪುಣೆಯಿಂದ ಬಂದವರನ್ನೆಲ್ಲಾ ಗಾಡ್ಯಾಗ ತುಂಬಿಕೊಂಡು ಹ್ವಾದ್ರಂತ." ಉಸಿರೆಳೆದುಕೊಂಡಳು. "ನಿಮ್ಮ ಗಾಡಿ ಕಂಡಿದ್ದೇ ತಡ, ಹುಡುಗರು ಬಿಳೇ ಬಟ್ಟಿಯವರು ಬಂದ್ರು ಅಂತ ಒದರಿದ್ರು. ನನ್ನ ಮಗ ಹೆಂಡ್ತಿನ್ನ ಕರಕೊಂಡು ಕಬ್ಬಿನ್ಯಾಗ ಹೊಕ್ಕಾನ. ನನಗ ಓಡಾಕ ಬರಂಗಿಲ್ಲ. ನೀವು ಹೋಗ್ರಿ, ನನ್ನ ಒಯ್ದರ ಒಯ್ಯಲಿ ಅಂದೆ."

ಮುದುಕಿಯ ಹೆಸರು ಸಾಬವ್ವ. ಸೊಸೆ ಚಂದಮ್ಮ.

ಪಂಚಶೀಲಾ ತನ್ನ ಸೀರೆಯನ್ನು ನೋಡಿಕೊಂಡಳು. ಮನಸ್ಸು ತಿಳಿಯಾಗಿರಲೆಂದು ಉಟ್ಟದ್ದು. ಬೆಳಿಗ್ಗೆ ಅದನ್ನು ಇಸ್ತ್ರಿ ಮಾಡುವಾಗ ಅವಳಿಗೆ ಒಳಗೊಳಗೇ ಒಂದು ಹೆಮ್ಮೆಯೂ ಇತ್ತು. ದಿನ ತುಂಬಿದ ಹೆಣ್ಣುಮಗಳೊಬ್ಬಳು ಅದಕ್ಕೆ ಹೆದರಿ, ಈ ವೈಶಾಖದ ಬಿಸಿಲಲ್ಲಿ, ಗಾಳಿಯಾಡದ ಕಬ್ಬಿನೊಳಗೆ, ಗುಟುಕು ನೀರೂ ಇಲ್ಲದೆ ಮುದುಡಿ ಕೂತಿದ್ದಾಳೆ.

"ನೀ ಒಂದು ಸಲ ಕೂಗು ಯವ್ವಾ."

ಸಾಬವ್ವ ಗೋಡೆ ಹಿಡಿದು ಬಾಗಿಲಿಗೆ ಬಂದಳು. "ಏ ಚಂದೀ! ಬಾ ಬೇ! ಇವರು ನಮ್ಮ..." ಅಷ್ಟರಲ್ಲಿ ಗಂಟಲಿಗೆ ಹೊಗೆ ಸೇರಿ ಕೆಮ್ಮು ಒತ್ತರಿಸಿ ಬಂತು. ಕೆಮ್ಮುತ್ತ ಕೆಮ್ಮುತ್ತ ಎರಡೂ ಕೈ ಆಡಿಸಿದಳು. "ಇದು ಕೆಮ್ಮಲ್ರಿ! ಹೊಗಿ! ಹೊಗಿ ಇದು!"

ಕಬ್ಬು ಮತ್ತೆ ಸರಸರ ಎಂದಿತು. ಮುದುಕಿಯನ್ನು ಹಿಡಿದು ಹೆದರಿಸಿ ಕೂಗಿಸುತ್ತಿದ್ದಾರೆ ಎಂದುಕೊಂಡಿರಬೇಕು. ಸಪ್ಪಳ ಹೊಳೆಯ ಕಡೆ ಸರಿಯಿತು.

"ನಾ ಒಳಗ ಹೋಗಿ ಕರಕೊಂಡು ಬರ್ತೇನಿ," ಎಂದು ದೇವೀಂದ್ರಪ್ಪ ಧೋತರ ಎತ್ತಿ ಕಟ್ಟಿದರು.

"ಬ್ಯಾಡ ಕಾಕಾ. ನೀವು ಒಂದು ಹೆಜ್ಜಿ ಇಟ್ಟರ ಅವರು ಹತ್ತು ಹೆಜ್ಜಿ ಇಡ್ತಾರ. ಮುಂದ ಹೊಳಿ ಅದ. ಮೊದಲ ಆ ಮೈಕು ಬಂದ್ ಮಾಡ್ರಿ."

ಮೈಕಿನ ಗುಂಯ್ ಎನ್ನುವ ದನಿ ನಿಂತಿತು. ಪಂಚಶೀಲಾ ಕಟ್ಟೆಯ ಮೇಲೆ ಕೂತಳು. ಏನು ಮಾಡಬೇಕೆಂದು ತಿಳಿಯದಾಗ ಅವಳು ಯಾವಾಗಲೂ ಸುಮ್ಮನಾಗುವವಳು. ವಿಹಾರದಲ್ಲಿ ಕಣ್ಣು ಮುಚ್ಚಿ ಕೂತಾಗಿನ ಮೌನ ಅವಳಿಗೆ ಗೊತ್ತಿತ್ತು. ಅದು ಹೊಳೆಯ ನೀರು ನಿಂತಂತೆ ಇರುತ್ತದೆ. ಈ ಓಣಿಯ ಮೌನ ಅಂಥದ್ದಲ್ಲ. ಅದು ಬಾಯಿಗೆ ಕೈ ಒತ್ತಿಕೊಂಡ ಮೌನ. ಅದರೊಳಗೆ ಎಷ್ಟೋ ಜನ ಉಸಿರು ಬಿಗಿಹಿಡಿದು ಇವರ ಒಂದೊಂದು ಸದ್ದನ್ನೂ ಕೇಳಿಸಿಕೊಳ್ಳುತ್ತಿದ್ದರು. ಕೂಗಿದರೆ ಅವರ ಪಾಲಿಗೆ ಇವರು ಸರಕಾರ. ಸುಮ್ಮನಿದ್ದರೆ ಹೊಂಚು ಹಾಕಿದವರು. ಹಾಗಾದರೆ ಅವರಿಗೆ ಕೇಳಿಸಬೇಕಾದ್ದು ಏನು?

ಈ ಹೊತ್ತಿನಲ್ಲಿ ಯಾವ ಓಣಿಯಲ್ಲಾದರೂ ಕೇಳುವ ಒಂದು ಸದ್ದು ಇಲ್ಲಿ ಇರಲಿಲ್ಲ. ರೊಟ್ಟಿ ಬಡಿಯುವ ಸದ್ದು.

ಅವಳು ಎದ್ದಳು. "ಯವ್ವಾ, ನಿನ್ನ ಒಂದು ಹಳೇ ಸೀರಿ ಕೊಡ್ತೀಯೇನು?"

"ಯಾಕ?"

"ಈ ಬಿಳೀದು ಮುಚ್ಚಬೇಕು. ಆಮ್ಯಾಲ ನಿನ್ನ ಒಲಿ ಮುಂದ ಕೂಡ್ತೇನಿ."

ಸಾಬವ್ವ ಅವಳನ್ನು ಮೇಲಿಂದ ಕೆಳಗೆ ನೋಡಿ, ಹಗ್ಗದ ಮೇಲಿದ್ದ ಮಾಸಿದ ಹಸಿರು ಸೀರೆ ಎಳೆದು ಎಸೆದಳು. ಪಂಚಶೀಲಾ ಅದನ್ನು ಬಿಳಿಯ ಮೇಲೇ ಸುತ್ತಿಕೊಂಡು, ಕೈ ತಿಕ್ಕಿ ತೊಳೆದಳು. ಗನಿ ಟೆಂಪೋದಿಂದ ಒಂದು ಚೀಲ ಹಿಟ್ಟು ತಂದಿಟ್ಟ. ಸೀದದ್ದನ್ನು ಕೆರೆದು ತೆಗೆದು, ಎಸರು ಕಾಯಿಸಿ, ಹಿಟ್ಟಿಗೆ ಸುರಿದು ನಾದಿದಳು. ಎಂ.ಎ. ಓದಲು ಕಡಗಂಚಿಯ ಹಾಸ್ಟೆಲಿನಲ್ಲಿ ಕಳೆದ ವರ್ಷಗಳಲ್ಲಿ ಅವಳು ಅನ್ನ ಸಾರು ತಿಂದೇ ಬದುಕಿದ್ದಳು. ಮನೆಯಲ್ಲಿ ರೊಟ್ಟಿ ಅವ್ವನ ಕೆಲಸ. ಹಿಟ್ಟಿನ ಉಂಡೆಯನ್ನು ಹಲಗೆಯ ಮೇಲಿಟ್ಟು ಬಡಿಯತೊಡಗಿದಳು. ಥಪ್. ಥಪ್ ಥಪ್. ಅಂಚು ಬಿರಿಯಿತು. ಒತ್ತಿ ಮುಚ್ಚಿದಳು. ಥಪ್, ಥಪ್. ಮತ್ತೆ ಬಿರಿಯಿತು.

"ಸಾವಕಾಶ ಬಡಿ. ಹಾವು ಹೊಡಿಯಾಕತ್ತೀಯೇನು?" ಎಂದಳು ಸಾಬವ್ವ.

ಮೊದಲನೆಯದು ಹಂಚಿಗೆ ಹಾಕುವಾಗ ಎರಡು ತುಂಡಾಯಿತು. ಎರಡನೆಯದಕ್ಕೆ ಯಾವ ಆಕಾರವೂ ಇರಲಿಲ್ಲ. ಅಂಗಳದಲ್ಲಿ ಗನಿ ಮತ್ತು ದೇವೀಂದ್ರಪ್ಪ ಬೇವಿನ ನೆರಳಿನಲ್ಲಿ ನೆಲಕ್ಕೆ ಕೂತು ಕಬ್ಬಿನ ಕಡೆ ಬೆನ್ನು ಮಾಡಿದ್ದರು. ಹಾಗೆ ಕೂರಲು ಅವಳೇ ಹೇಳಿದ್ದಳು. ಮೂರನೆಯ ಉಂಡೆ ಬಡಿಯುವಾಗ ಹಿತ್ತಲಿನಿಂದ ಒಂದು ಹೆಣ್ಣುದನಿ ಸಿಡಿಯಿತು.

"ಯಾರ ಬೇ ಅಕಿ, ನನ್ನ ಒಲಿ ಮುಂದ ಕುಂತಾಕಿ?"

ಪಂಚಶೀಲಾ ಕೈ ನಿಲ್ಲಿಸಲಿಲ್ಲ, ಎದ್ದೂ ಹೋಗಲಿಲ್ಲ. ಹಿತ್ತಲ ಬಾಗಿಲಿನಿಂದ ಕಾಣುವಂತೆ ಕಬ್ಬಿನ ಅಂಚಿನಲ್ಲಿ ಚಂದಮ್ಮ ನಿಂತಿದ್ದಳು. ಒಂದು ಕೈ ಸೊಂಟದ ಮೇಲೆ, ಇನ್ನೊಂದು ಹೊಟ್ಟೆಯ ಮೇಲೆ. ಮುಖವೆಲ್ಲ ಬೆವರು, ಕಬ್ಬಿನ ಗರಿ ಗೀರಿದ ಗೆರೆಗಳು. ಅವಳ ಹಿಂದೆ ಗಂಡನ ತಲೆ ಮಾತ್ರ ಕಾಣುತ್ತಿತ್ತು.

"ವಿಹಾರದಾಕಿ, ಪಂಚಶೀಲಾ. ನಿನ್ನಿ ನಿನ್ನ ಗಂಡ ಫೋನ್ ಮಾಡಿದ್ದ."

"ವಿಹಾರದಾಕಿಗಿ ರೊಟ್ಟಿ ಬಡಿಯಾಕ ಬರಂಗಿಲ್ಲೇನು? ಆ ಸಪ್ಪಳಾ ಕೇಳಿ ನನ್ನ ಹೊಟ್ಟ್ಯಾಗಿನ ಕೂಸು ಒದಿಯಾಕತ್ತದ."

"ಬರಂಗಿಲ್ಲ. ನೀ ಬಂದು ಕಲಿಸು."

ಚಂದಮ್ಮ ಒಂದು ಹೆಜ್ಜೆ ಮುಂದಿಟ್ಟು ನಿಂತಳು. ಮುಂದಿನ ಹೆಜ್ಜೆ ಬರಲಿಲ್ಲ. "ಆ ಹಿಟ್ಟಿನ್ಯಾಗ ಔಷಧಾ ಹಾಕ್ಯಾರ ಅಂತಾರ. ತಿಂದರ ನಿದ್ದಿ ಬರ್ತದಂತ, ಆವಾಗ ಎತ್ತಿ ಒಯ್ತಾರಂತ. ಮೊದಲ ನೀ ತಿನ್ನು. ನೀ ಬಡಿದದ್ದು ನೀ ತಿಂದು ತೋರ್ಸು, ಆಮ್ಯಾಲ ಬರ್ತೇನಿ."

ಪಂಚಶೀಲಾ ಹಂಚಿನಿಂದ ರೊಟ್ಟಿ ತೆಗೆದಳು. ತೆಗೆದವಳು ಹಾಗೇ ಹಿಡಿದು ಕೂತಳು. ಹೊತ್ತು ನೆತ್ತಿ ದಾಟಿತ್ತು. ಅಷ್ಟಶೀಲ ತೆಗೆದುಕೊಂಡವರು ನಡುಹಗಲಿನ ನಂತರ ಏನನ್ನೂ ತಿನ್ನುವಂತಿಲ್ಲ. ಬೆಳಿಗ್ಗೆ ಆ ಮಾತು ಹೇಳಿಕೊಟ್ಟವರು ದೇವೀಂದ್ರಪ್ಪನವರೇ. ಹತ್ತು ವರ್ಷಗಳಿಂದ ಒಂದು ಹುಣ್ಣಿಮೆಯನ್ನೂ ತಪ್ಪಿಸದ ಮನುಷ್ಯ. ಕಬ್ಬಿನಂಚಿನಲ್ಲಿ ಚಂದಮ್ಮನ ಕಣ್ಣು ಆ ತಡೆದ ಕೈಯ ಮೇಲೇ ಇತ್ತು. ಅವಳ ಮುಖ ಬಿಗಿಯುತ್ತ ಬಂತು. ಒಂದು ಕಾಲು ಹಿಂದಕ್ಕೆ ಸರಿಯಿತು.

ಅಂಗಳದಿಂದ ದೇವೀಂದ್ರಪ್ಪ ತಿರುಗಿ ನೋಡದೆಯೇ ಹೇಳಿದರು. "ತಂಗಿ, ನನ್ನ ವಾಚು ಯಾವಾಗಲೂ ಮುಂದ ಓಡ್ತದ. ಇನ್ನಾ ಹನ್ನೆರಡು ಆಗಿಲ್ಲ. ತಿನ್ನು."

"ಆ ವಾಚು ನನಗೂ ಕೊಡ್ರಿ ಸಾಬ್," ಎಂದ ಗನಿ. "ಈಗಿಂದೀಗ ಸೂರ್ಯಾನ ಮುಳುಗಿಸಿಬಿಡ್ತೇನಿ."

ಪಂಚಶೀಲಾ ರೊಟ್ಟಿಯನ್ನು ಮುರಿದು ಬಾಯಿಗಿಟ್ಟಳು. ಒಂದು ಕಡೆ ಕರಿ, ನಡುವೆ ಹಸಿ. ಅಗಿಯುತ್ತ ಹೋದಂತೆ ಅವಳ ಮುಖ ಹೇಗಾಯಿತೋ, ಸಾಬವ್ವ ಸೆರಗು ಬಾಯಿಗಿಟ್ಟುಕೊಂಡಳು.

"ಹೆಂಗದ?" ಎಂದು ಕೇಳಿದಳು ಚಂದಮ್ಮ.

"ಹಸಿ ಅದ," ಎಂದಳು ಪಂಚಶೀಲಾ, ಬಾಯಿ ತುಂಬ ಹಿಟ್ಟು ಇಟ್ಟುಕೊಂಡೇ.

ಚಂದಮ್ಮ ನಕ್ಕಳು. ಸೊಂಟದ ಕೈ ತಾನಾಗಿಯೇ ಕೆಳಗಿಳಿಯಿತು. "ಔಷಧಾ ಹಾಕಿದವರು ಇದಕ್ಕಿಂತ ಚೊಲೋ ಬಡಿದಿರ್ತಿದ್ರು," ಎನ್ನುತ್ತ ಹಿತ್ತಲು ದಾಟಿ ಬಂದಳು. ಹೊಸ್ತಿಲಲ್ಲೇ ಕೂತುಬಿಟ್ಟಳು. ಸಾಬವ್ವ ಕೊಟ್ಟ ಚೊಂಬಿನ ನೀರನ್ನು ಎತ್ತಿ ಕುಡಿದಳು, ಇನ್ನೊಂದು ಚೊಂಬು ಕೇಳಿದಳು. ಪಂಚಶೀಲಾ ದೂರದಿಂದಲೇ ಕೇಳಿದಳು: ಹೊಟ್ಟೆ ನೋವೇ? ತಲೆ ಸುತ್ತೇ? ಇಲ್ಲ, ಇಲ್ಲ ಎಂದು ಚಂದಮ್ಮ ತಲೆಯಾಡಿಸಿದಳು. ಸೀರೆಯ ಮೇಲೆ ಒಂದು ಕಡೆ ಬೆರಳಿಟ್ಟು, "ಇಲ್ಲಿ ನೋಡು, ಮತ್ತ ಒದಿಯಾಕತ್ತಾನ," ಎಂದಳು.

ಪಂಚಶೀಲಾ ಮತ್ತೊಂದು ಹಿಟ್ಟಿನ ಉಂಡೆ ಕೈಗೆತ್ತಿಕೊಂಡಳು.

ಜಗದೇವ ಬಾಗಿಲಾಚೆ ತಲೆ ತಗ್ಗಿಸಿ ನಿಂತಿದ್ದ. "ನಾನೇ ಬರ್ರಿ ಅಂದವ, ನಾನೇ ಓಡಿದೆ ಅಕ್ಕಾರ."

"ಪ್ಯಾಂಟ್ ಬಿಟ್ಟು ಓಡೀದಿ. ನಿಮ್ಮವ್ವ ಅದು ತನ್ನದು ಅಂತ ಹೇಳಿ ಉಳಿಸ್ಯಾಳ," ಎಂದ ಗನಿ.

ಗನಿ ಎದ್ದು ಟೆಂಪೋದ ಹಿಂಬದಿಯನ್ನು ತೆರೆದ. ಅಫಜಲಪುರದ ದವಾಖಾನೆಗೆ ಹೋಗಬೇಕಾದರೆ ಯಾವ ಹೊತ್ತಿನಲ್ಲಾದರೂ ನನಗೆ ಫೋನ್ ಮಾಡು, ಗಾಡಿಯಲ್ಲಿ ಹಾಸಿಗೆ ಹಾಕಿಕೊಂಡು ಬರುತ್ತೇನೆ ಎಂದು ಜಗದೇವನಿಗೆ ತನ್ನ ನಂಬರು ಕೊಟ್ಟ. ಬಿಳಿ ಬಟ್ಟೆಯವರ ಗಾಡಿ ಅನ್ನಬೇಡ, ಗನಿ ಗಾಡಿ ಅನ್ನು ಎಂದೂ ಹೇಳಿದ.

ಅಷ್ಟರಲ್ಲಿ ಒಲೆಯ ಮುಂದಿನಿಂದ ಬೇರೆಯದೇ ಸದ್ದು ಬಂತು. ಕೂತಲ್ಲೇ ಸರಿದು ಬಂದು ಚಂದಮ್ಮ ಹಲಗೆಯನ್ನು ಕಸಿದುಕೊಂಡಿದ್ದಳು. ಅತ್ತೆ ಬೈದರೂ ಕೇಳಲಿಲ್ಲ. ಥಪ್ ಥಪ್ ಥಪ್ ಥಪ್, ತಡವರಿಸದೆ, ಒಂದೇ ಲಯದಲ್ಲಿ ರೊಟ್ಟಿ ಅವಳ ಅಂಗೈಯಡಿ ತಿರುಗುತ್ತ ದೊಡ್ಡದಾಯಿತು. ಓಣಿಯ ಮೌನ ಸಡಿಲಿತು. ಕಬ್ಬಿನಿಂದ ಮೊದಲು ಮಕ್ಕಳು, ಆಮೇಲೆ ಹೆಂಗಸರು, ಕೊನೆಗೆ ಮೈಮೇಲಿನ ಗರಿ ಕೊಡವುತ್ತ ಗಂಡಸರು ಒಬ್ಬೊಬ್ಬರಾಗಿ ಹೊರಬಂದರು. ಯಾರೂ ಯಾರ ಮುಖವನ್ನೂ ನೋಡಲಿಲ್ಲ. ದೇವೀಂದ್ರಪ್ಪ ಮೈಕು ಮುಟ್ಟದೆ, ಬಾಯಿಂದ ಸಾಲು ಎಂಬ ಶಬ್ದ ಬಾರದಂತೆ ಎಚ್ಚರ ವಹಿಸಿ, ಒಂದೊಂದು ಹೊಸ್ತಿಲಲ್ಲೂ ಒಂದೊಂದು ಚೀಲ ಇಟ್ಟು ಬಂದರು.

ಹೊರಡುವಾಗ ಚಂದಮ್ಮ ರೊಟ್ಟಿಗಳನ್ನು ಅರಿವೆಯಲ್ಲಿ ಕಟ್ಟಿ ಕೊಟ್ಟಳು. ಒಂದು ಗನಿಗೆ, ಹೊತ್ತು ಮುಳುಗಿದ ಮೇಲೆ. ಉಳಿದವು ಇವರಿಬ್ಬರಿಗೆ, ನಾಳೆ ಬೆಳಿಗ್ಗೆ.

"ಎಂಥಾ ಮಂದಿರಿ ನೀವು," ಎಂದಳು ಸಾಬವ್ವ. "ಊರಿಗೆಲ್ಲಾ ಉಣ್ಣಾಕ ತರ್ತೀರಿ. ನೀವು ಮೂವರೂ ಉಣ್ಣಂಗಿಲ್ಲ."

ಪಂಚಶೀಲಾ ಹಸಿರು ಸೀರೆಯ ಗಂಟಿಗೆ ಕೈ ಹಾಕಿದಳು. ಮುದುಕಿ ಅವಳ ಕೈಯನ್ನು ದೂರದಿಂದಲೇ ಕೋಲಿನಿಂದ ತಡೆದಳು.

"ಬಿಚ್ಚಬ್ಯಾಡ. ಮುಂದಿನ ಓಣಿಯಾಗೂ ಕಬ್ಬು ಅದ. ಇದನ್ನೇ ಉಟಗೊಂಡು ಹೋಗು."

"ಮತ್ತ ನಿನಗ?"

"ಕೂಸು ನೋಡಾಕ ಬರ್ತೀಯಲ್ಲ, ಆವಾಗ ತಾ. ಒಗೆದು ತಾ ಮತ್ತ."

ಟೆಂಪೋ ಹೊರಟಿತು. ಪಂಚಶೀಲಾ ಬಿಸಿ ರೊಟ್ಟಿಯ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಕಿಟಕಿಗೆ ಕಿವಿ ಕೊಟ್ಟು ಕೂತಳು. ಓಣಿಯ ತಿರುವು ದಾಟುವವರೆಗೂ ಒಂದೊಂದೇ ಮನೆಯಿಂದ ರೊಟ್ಟಿ ಬಡಿಯುವ ಆ ಸದ್ದು ಶುರುವಾಗುವುದು ಕೇಳುತ್ತಿತ್ತು.