ಅಣ್ಣನ ಸ್ವರಕ್ಕೆ ಇಳಿದವರು

ರವಿವಾರ ಬೆಳಿಗ್ಗೆ ನಾಲ್ವರೂ ಕೂತಾದ ಮೇಲೆ ಮೊದಲು ಊದುವವನು ಕಲ್ಲೇಶ. ಅದು ಸಿಸ್ಟರ್ ಬೆನೆಡಿಕ್ಟಾ ಹಾಕಿಕೊಟ್ಟ ಪದ್ಧತಿ. ಎಲ್ಲಕ್ಕಿಂತ ಉದ್ದನೆಯ ರಿಕಾರ್ಡರ್ ಕೊಳಲು ಯಾರ ಕೈಯಲ್ಲಿದೆಯೋ ಅವರು ಒಂದು ಸ್ವರ ಹಿಡಿಯಬೇಕು. ಉಳಿದವರು ತಮ್ಮ ಶ್ರುತಿಯನ್ನು ಅದಕ್ಕೆ ಕೂಡಿಸಿಕೊಳ್ಳಬೇಕು. ಊದುವ ತುದಿಯ ಬಿಡಿ ಭಾಗವನ್ನು, ತಲೆಯ ತುಂಡನ್ನು, ತುಸು ಹೊರಗೆ ಜಗ್ಗಿದರೆ ಕೊಳವೆ ಉದ್ದವಾಗಿ ಶ್ರುತಿ ಇಳಿಯುತ್ತದೆ, ಒಳಗೆ ಒತ್ತಿದರೆ ಏರುತ್ತದೆ. ಅಷ್ಟೇ ಅದರ ಗುಟ್ಟು.

ಅನುರಾಧಾ ಅಣ್ಣ ಕಲ್ಲೇಶನ ಸ್ವರ ಕೇಳಿದಳು. ಕಣ್ಣು ಎತ್ತಲಿಲ್ಲ. ತನ್ನ ಪುಟ್ಟ ರಿಕಾರ್ಡರಿನ ತಲೆಯನ್ನು ಹೋದ ವಾರಕ್ಕಿಂತ ಕೂದಲೆಳೆಯಷ್ಟು ಹೆಚ್ಚು ಜಗ್ಗಿ, ಊದಿ, ಕೂಡಿಸಿದಳು. ಎದುರಿಗೆ ಶೀಲಾಳೂ ಜಗ್ಗಿದಳು. ನಾಸೀರನೂ ಜಗ್ಗಿದ. ಯಾರೂ ಯಾರ ಮುಖವನ್ನೂ ನೋಡಲಿಲ್ಲ.

"ಕೂಡ್ತು," ಅಂದ ಕಲ್ಲೇಶ, ಸಮಾಧಾನದಿಂದ. "ಹಿಡೀರಿ ಇನ್ನ."

ರಿಕಾರ್ಡರ್ ಎಂದರೆ ನೆಟ್ಟಗೆ ಹಿಡಿದು ತುದಿಯಿಂದ ಊದುವ, ಯೂರೋಪಿನ ಹಳೆಯ ಕೊಳಲು. ಹಳೇ ಬಾಗಲಕೋಟೆಯ ಕಾನ್ವೆಂಟಿನಲ್ಲಿ, ಆ ಓಣಿ ಅಣೆಕಟ್ಟಿನ ಹಿನ್ನೀರಿಗೆ ಹೋಗುವ ಮೊದಲು, ಗೋವೆಯಿಂದ ಬಂದಿದ್ದ ಸಿಸ್ಟರ್ ಅದನ್ನು ಮಕ್ಕಳಿಗೆ ಕಲಿಸುತ್ತಿದ್ದಳು. ಊರು ಬಿಡುವಾಗ ತನ್ನ ಮರದ ದೊಡ್ಡ ರಿಕಾರ್ಡರನ್ನು ಕಲ್ಲೇಶನ ಕೈಗಿಟ್ಟು ಹೋದಳು. ಎಷ್ಟೋ ವರ್ಷದ ಮೇಲೆ, ಅವಳ ಬಳಿ ಕಲಿತಿದ್ದ ನಾಲ್ವರು ಒಂದು ಮದುವೆಯ ಊಟದ ಸಾಲಿನಲ್ಲಿ ಅಕ್ಕಪಕ್ಕ ಕೂತದ್ದೇ ಈ ಕೂಟದ ಹುಟ್ಟು. ಅನುರಾಧಾ ಹುನಗುಂದದ ಕಾಲೇಜಿನಲ್ಲಿ ಇತಿಹಾಸ ಕಲಿಸುತ್ತಿದ್ದಳು. ಶೀಲಾ ಅದೇ ಊರಿನ ಹೈಸ್ಕೂಲಿನಲ್ಲಿ ಗಣಿತದ ಟೀಚರು. ನಾಸೀರನಿಗೆ ಇಳಕಲ್ಲಿನಲ್ಲಿ ಮಗ್ಗದ ಬಿಡಿಸಾಮಾನಿನ ಅಂಗಡಿ. ಅದೇ ಊರಿನ ಹೊರಗೆ ಕೆಂಪು ಗ್ರಾನೈಟ್ ಕೊಯ್ದು ಪಾಲಿಶ್ ಮಾಡುವ ಒಂದು ಶೆಡ್ಡಿಗೆ ಕಲ್ಲೇಶ ಅರ್ಧ ಮಾಲೀಕ, ಪೂರ್ತಿ ಕೆಲಸಗಾರ. ಕಲ್ಲಿನ ಅಂಚು ಉಜ್ಜುವುದನ್ನು ಬೇರೆಯವರ ಕೈಗೆ ಕೊಡುತ್ತಿರಲಿಲ್ಲ.

ಅನುರಾಧಾಳ ನಡುಮನೆಯಲ್ಲಿ ಕೂತು ಅವರು ನಾನೂರು ವರ್ಷದ ಹಿಂದಿನ, ಎಲ್ಲೋ ಯಾರೋ ಅರಮನೆಯಲ್ಲಿ ಕುಣಿಯಲು ಬರೆದ ಮಟ್ಟುಗಳನ್ನು ಊದುತ್ತಿದ್ದರು. ವರ್ಷಕ್ಕೊಮ್ಮೆ, ಗದ್ದಲವಿಲ್ಲದ ಒಂದು ದಿನ ನೋಡಿ, ಬನಶಂಕರಿಯ ಹೊಂಡದ ಸುತ್ತಲಿನ ಕಂಬಸಾಲಿನಲ್ಲಿ ಕೂತು ಊದಿ ಬರುತ್ತಿದ್ದರು. ಅಲ್ಲಿ ಕಲ್ಲು ಸ್ವರವನ್ನು ನುಂಗದೆ ತಿರುಗಿ ಕೊಡುತ್ತಿತ್ತು. ಓಣಿಯವರು ಇವರನ್ನು ಪೀಪಿ ಮಂದಿ ಅನ್ನುತ್ತಿದ್ದರು.

"ನಮ್ಮನ್ನೂ ಮದಿವಿಗಿ ಕರೀತಾರ," ಅನ್ನುತ್ತಿದ್ದ ನಾಸೀರ. "ಪೀಪಿ ಮನ್ಯಾಗ ಇಟ್ಟು ಬರ್ರಿ ಅಂತ ಹೇಳಿ ಕರೀತಾರ."

ಶ್ರುತಿ ಇಳಿಯಲು ಶುರುವಾದದ್ದು ದೀಪಾವಳಿಯ ಹೊತ್ತಿಗೆ. ಮೊದಲು ಗುರುತಿಸಿದವಳು ಅನುರಾಧಾ. ಅವಳ ಸ್ವಭಾವವೇ ಹಾಗೆ. ಗ್ಯಾಸ್ ಬಂದ್ ಮಾಡಿದ್ದನ್ನು ಬಾಗಿಲತನಕ ಹೋದವಳು ತಿರುಗಿ ಬಂದು ನೋಡುತ್ತಾಳೆ, ಮಾತಾಡುವವರ ಮಾತಿಗಿಂತ ಮೊದಲು ಅವರ ದನಿ ಕೇಳುತ್ತಾಳೆ. ಚಳಿಗೆ ರಿಕಾರ್ಡರ್ ಇಳಿಯುತ್ತದೆ ಎಂಬುದು ಎಲ್ಲರಿಗೂ ಗೊತ್ತಿತ್ತು. ಚಳಿ ಅಂದುಕೊಂಡು ಮೂವರೂ ಸ್ವಲ್ಪ ಜಗ್ಗಿಕೊಂಡರು. ಸಂಕ್ರಮಣ ಬಂತು, ಇನ್ನೂ ಸ್ವಲ್ಪ ಜಗ್ಗಿದರು. ಶಿವರಾತ್ರಿ ದಾಟಿ ಹಂಚಿನ ಮೇಲೆ ಬಿಸಿಲು ಕಾಯತೊಡಗಿತು. ಬಿಸಿಲಿಗೆ ರಿಕಾರ್ಡರ್ ಏರಬೇಕು. ಅಣ್ಣನದು ಏರಲಿಲ್ಲ. ಉಸಿರಿನ ಒತ್ತಡ ಕಡಿಮೆಯಾದರೂ ಸ್ವರ ಇಳಿಯುತ್ತದೆ ಎಂದು ಸಿಸ್ಟರ್ ಮೊದಲ ವಾರವೇ ಕಲಿಸಿದ್ದಳು.

ಒಂದು ರವಿವಾರ ಅಣ್ಣ ಮನೆಗೆ ಹೊರಟ ಮೇಲೆ ಅವಳು ಫೋನಿನಲ್ಲಿ ಶ್ರುತಿ ತೋರಿಸುವ ಮುಳ್ಳು ಹಚ್ಚಿ ತನ್ನ ರಿಕಾರ್ಡರ್ ಊದಿ ನೋಡಿದಳು. ಮುಳ್ಳು ಎಡಕ್ಕೆ, ಇಳಿದ ಶ್ರುತಿಯ ಕಡೆಗೆ, ವಾಲಿ ನಿಂತಿತು. ಆ ಮಟ್ಟಕ್ಕೆ ಜಗ್ಗಿದ ರಿಕಾರ್ಡರಿನಲ್ಲಿ ಮೇಲಿನ ಸ್ವರಗಳು ತಮ್ಮತಮ್ಮಲ್ಲೇ ಕೂಡುತ್ತಿರಲಿಲ್ಲ. ನಾಲ್ವರೂ ಅಪಸ್ವರಕ್ಕೆ ಹೊಂದಿಕೊಂಡುಬಿಟ್ಟಿದ್ದರು.

ಒಮ್ಮೆ ಕೇಳಿದ್ದಳು, ಚಹಾ ಕೊಡುತ್ತ, ಬೇರೆ ಏನೋ ಕೇಳುವವಳ ಹಾಗೆ.

"ಅಣ್ಣಾ, ದವಾಖಾನಿಗಿ ಹೋಗಿದ್ದೇನು?"

"ಹೋದ ವರ್ಷ ಹೋಗಿದ್ನೆಲ್ಲ. ಎಕ್ಸರೇ ತಗದ್ರು."

"ಏನಂದ್ರು?"

"ಧೂಳ ಬಿಡು ಅಂದ್ರು. ಕಲ್ಲಿನ ಧಂದೇದಾಗ ಇದ್ದಾವಗ ಧೂಳ ಬಿಡು ಅಂದ್ರ, ಮೀನಕ್ಕ ನೀರ ಬಿಡು ಅಂದಂಗ," ಎಂದು ನಕ್ಕ. ನಗು ಅರ್ಧಕ್ಕೆ ಕೆಮ್ಮಾಯಿತು. ಅವಳು ಬಿಸ್ಕೀಟಿನ ಡಬ್ಬಿ ತರಲು ಒಳಗೆ ಹೋದಳು.

ಇನ್ನೊಂದು ರವಿವಾರ ನಾಸೀರ ಗಾಡಿ ಹತ್ತುವಾಗ ಗೇಟಿನ ಬಳಿ ನಿಲ್ಲಿಸಿದಳು.

"ನಾಸೀರಣ್ಣ, ನಿಂದು ಎಷ್ಟ ಹೊರಗ ಬಂದೈತಿ?"

ಅವನು ತಿಳಿಯದವನ ಹಾಗೆ ಮಾಡಲಿಲ್ಲ. "ಕಳಚಿ ಬೀಳೂದೊಂದ ಬಾಕಿ."

"ಹೇಳೂಣೇನು?"

"ನೀ ಹೇಳ್ತೀಯೇನು?" ಅವನು ಕೀಲಿಯನ್ನು ಬೆರಳಲ್ಲಿ ತಿರುಗಿಸಿದ. "ನನ್ನ ಬಾಯಿಲೆ ಬರೂದಿಲ್ಲವಾ. ವಾರದಾಗ ಆ ಮನಷ್ಯಾ ಒಮ್ಮೆ ಆರಾಮ ಕುಂದ್ರೂದು ಇಲ್ಲೇ. ಅದನ್ನೂ ಕಸಗೊಳ್ಳೂದೇನು?"

ಅವಳ ಬಾಯಿಂದಲೂ ಬರಲಿಲ್ಲ. ಹೇಳುವ ಮಾತನ್ನು ಹತ್ತು ರೀತಿ ಜೋಡಿಸಿ ನೋಡುತ್ತಿದ್ದಳು. ಪ್ರತಿಯೊಂದರ ಕೊನೆಗೂ ಅಣ್ಣ ರಿಕಾರ್ಡರನ್ನು ಬಟ್ಟೆಯಲ್ಲಿ ಸುತ್ತಿ ಇಟ್ಟುಬಿಡುವುದೇ ಕಾಣುತ್ತಿತ್ತು.

ಯುಗಾದಿ ಕಳೆದ ಮರುವಾರ, ಶನಿವಾರ ಸಂಜೆ, ಕಾಲೇಜು ಮುಗಿಸಿ ಇಳಕಲ್ಲಿನ ಅಣ್ಣನ ಮನೆಗೆ ಹೋದಳು. ಅಣ್ಣ ಶೆಡ್ಡಿನಿಂದ ಬಂದಿರಲಿಲ್ಲ. ಅವನ ಹೆಂಡತಿ, ವೈನಿ ಕಾಳವ್ವ, ರೊಟ್ಟಿ ಬಡಿಯುತ್ತಿದ್ದಳು. ಅನುರಾಧಾ ಬಾಗಿಲ ಪಕ್ಕ ಮಣೆ ಹಾಕಿಕೊಂಡು ಕೂತಳು.

"ನೀ ಬಂದದ್ದು ಛಲೋ ಆತು," ಅಂದಳು ಕಾಳವ್ವ, ಬಡಿಯುವುದನ್ನು ನಿಲ್ಲಿಸದೆ. "ನಿಮ್ಮಣ್ಣಾರಿಗಿ ಒಂದಿಷ್ಟ ಬುದ್ಧಿ ಹೇಳು. ರಾತ್ರಿ ಒಂದು ತಲಿದಿಂಬ ಸಾಲವಲ್ದು, ಎರಡ ಇಟಗೊಂಡು ಕುಂತಂಗ ಮಲಗತಾರ. ಮೂರ ತಿಂಗಳಿಗೊಮ್ಮೆ ಬಂದು ಮಷೀನಿನ್ಯಾಗ ಊದಿ ತೋರಸ್ರಿ ಅಂದಿದ್ರು ಡಾಕ್ಟರು. ಒಂದ ಸಲನೂ ಹೋಗಿಲ್ಲ."

"ಯಾಕಂತ?"

"ಯಾಕಂದ್ರ? ‘ಹುನಗುಂದದಾಗ ನಂದ ಮಷೀನ ಐತಿ, ವಾರಾ ವಾರಾ ಊದ್ತೇನಿ’ ಅಂತಾರ. ‘ಉಸರು ಕಮ್ಮಿ ಆಗಿದ್ರ ನನ್ನ ಸ್ವರ ಇಳೀಬೇಕಿತ್ತು. ಇಳದಿದ್ರ ಆ ಮೂವರ ಜೋಡಿ ಕೂಡ್ತಿದ್ದಿಲ್ಲ. ಕೂಡ್ತೈತಿ. ಇನ್ನ ನೀ ಸುಮ್ಮನ ಅಂಜಬ್ಯಾಡ’ ಅಂತಾರ." ಕಾಳವ್ವ ರೊಟ್ಟಿಯನ್ನು ಹಂಚಿಗೆ ಹಾಕಿ, ನೀರು ಸವರಿ, ಕೈ ಒರೆಸಿಕೊಂಡು ತಿರುಗಿದಳು. "ನನಗ ನಿಮ್ಮ ಪೀಪಿ ಏನೂ ತಿಳಿಯೂದಿಲ್ಲವಾ. ಅದು ಖರೇನು? ಇಳದಿದ್ರ ಗೊತ್ತಾಗ್ತೈತೇನು?"

ಅನುರಾಧಾ ಹಂಚಿನ ಮೇಲಿನ ರೊಟ್ಟಿ ನೋಡಿದಳು. ಅದು ಉಬ್ಬಿತು.

"ಗೊತ್ತಾಗ್ತೈತಿ, ವೈನಿ."

"ಹಂಗಾದ್ರ ಆತ ಬಿಡು," ಅಂದಳು ಕಾಳವ್ವ, ಒಲೆಯ ಕಡೆ ತಿರುಗಿ. ಅವಳ ಭುಜ ಸಡಿಲವಾದದ್ದು ಹಿಂದಿನಿಂದಲೂ ಕಂಡಿತು.

ತಿರುಗಿ ಬರುವ ಬಸ್ಸಿನಲ್ಲಿ ಕಿಟಕಿಯ ಸರಳು ಹಿಡಿದು ಕೂತಳು. ಅಣ್ಣನಿಗೆ ನೋವಾಗಬಾರದೆಂದು ಶ್ರುತಿ ಇಳಿಸಿಕೊಂಡಿದ್ದರು. ಅವನು ಹಾಕಿಕೊಂಡಿದ್ದ ಅಳತೆಗೋಲನ್ನೇ ವಾರ ವಾರವೂ ಸವೆಸುತ್ತಿದ್ದರು, ಮೂವರೂ ಸೇರಿ. ಪ್ರತಿ ರವಿವಾರ ಅವನು ತನಗೆ ಏನೂ ಆಗಿಲ್ಲವೆಂದು ಖಾತ್ರಿ ಮಾಡಿಕೊಂಡು ಹೋಗಿ ಸೋಮವಾರ ಬೆಳಿಗ್ಗೆ ಅಂಚು ಉಜ್ಜಲು ಕೂರುತ್ತಿದ್ದ. ರಸ್ತೆಯ ಬದಿಗೆ ಗ್ರಾನೈಟ್ ಶೆಡ್ಡುಗಳು ಸಾಲಾಗಿ ಹಿಂದೆ ಸರಿದವು. ಗಿಡಗಳ ಎಲೆಗಳು ಬೆಳ್ಳಗೆ ಇದ್ದವು.

ಮರುದಿನ ಅವರೆಲ್ಲ ಬರುವ ಮೊದಲೇ ಅವಳು ಫೋನು ಹಚ್ಚಿ, ಮುಳ್ಳು ನಡುವೆ ನಿಲ್ಲುವತನಕ ತಲೆಯ ತುಂಡನ್ನು ಒಳಗೆ ಒತ್ತಿ ಇಟ್ಟುಕೊಂಡಿದ್ದಳು.

ಕಲ್ಲೇಶ ಕೂತು, ದೊಡ್ಡ ರಿಕಾರ್ಡರನ್ನು ಮೊಣಕಾಲ ನಡುವೆ ಹಿಡಿದು, ಸ್ವರ ಕೊಟ್ಟ. ಅವಳು ಊದಿದಳು. ಎರಡು ಸ್ವರಗಳ ನಡುವೆ ಒರಟಾದ ಒಂದು ಅಲೆ ಎದ್ದು ಕೋಣೆ ತುಂಬಿತು.

"ಅನೂ, ನಿಂದು ಏರೇತಿ," ಅಂದಳು ಶೀಲಾ, ಗಾಬರಿಯಿಂದ. "ಜಗ್ಗು."

"ಏರಿಲ್ಲದು, ಹಾರೇತಿ," ಅಂದ ಕಲ್ಲೇಶ. "ಏನ್ರಿ ಲೆಕ್ಚರರ್ ಬಾಯಾರ, ಹಬ್ಬದಾಗ ಹೋಳಿಗಿ ಜಾಸ್ತಿ ಆಗ್ಯಾವೇನು?"

"ನಂದು ಸರಿ ಐತಿ, ಅಣ್ಣಾ."

"ಎಲ್ಲಿ ಸರಿ? ಇವರಿಬ್ಬರನ್ನೂ ಕೇಳು." ಅವನು ನಾಸೀರನ ಕಡೆ ತಿರುಗಿದ. "ಹೇಳಲೇ ನಾಸ್ಯಾ."

ನಾಸೀರ ಅನುರಾಧಾಳನ್ನು ಬಹಳ ಹೊತ್ತು ನೋಡಿದ. ಆಮೇಲೆ ತನ್ನ ರಿಕಾರ್ಡರಿನ ತಲೆಯನ್ನು ಅಂಗೈಯಿಂದ ಒತ್ತಿದ. ಒತ್ತುತ್ತಲೇ ಹೋದ, ಅದು ಅಷ್ಟು ದೂರ ಹೊರಗಿತ್ತು. ಅವನು ಊದಿದಾಗ ಅವಳದಕ್ಕೆ ಕೂಡಿತು. ಶೀಲಾಳ ಕಣ್ಣು ತುಂಬಿತ್ತು. ಅವಳೂ ಒತ್ತಿದಳು. ಮೂರು ಸ್ವರ ಒಂದಾಗಿ, ಚಳಿಗಾಲದ ಮುಂಚಿನಿಂದ ಆ ಮನೆಯಲ್ಲಿ ಕೇಳಿರದಷ್ಟು ಸ್ವಚ್ಛವಾಗಿ ನಿಂತವು.

ಕಲ್ಲೇಶ ಅವುಗಳ ಕೆಳಗೆ ಊದಿದ. ಕೂಡಲಿಲ್ಲ. ಎದೆ ಸೆಟೆಸಿ ಇನ್ನೊಮ್ಮೆ ಊದಿದ. ಸ್ವರ ಒಂದು ಗಳಿಗೆ ಏರಿ, ಅಲ್ಲಾಡಿ, ಮೊದಲಿಗಿಂತ ಕೆಳಗೆ ಜಾರಿತು. ಅವನು ಕೆಮ್ಮಿದ. ಕೆಮ್ಮು ನಿಂತ ಮೇಲೆ ರಿಕಾರ್ಡರಿನ ತಲೆಗೆ ಕೈಹಾಕಿ ಒಳಗೆ ಒತ್ತಲು ನೋಡಿದ. ಚಳಿಗಾಲದಲ್ಲಿ ಯಾವಾಗಲೋ, ಚಳಿಗೆ ಇಳಿದಿದೆ ಅಂದುಕೊಂಡು, ಅವನೇ ಅದನ್ನು ಪೂರ್ತಿ ಒತ್ತಿಟ್ಟಿದ್ದ. ಇನ್ನು ಒತ್ತಲು ಜಾಗವಿರಲಿಲ್ಲ.

ಅವನ ಕೈ ಅಲ್ಲೇ ಉಳಿಯಿತು.

"ನಿನ್ನ ಸಲುವಾಗಿ ಇಳದಿದ್ವಿ, ಲೇ," ಅಂದ ನಾಸೀರ, ನೆಲ ನೋಡುತ್ತ.

"ನನ್ನ ಸಲುವಾಗಿ," ಅಂದ ಕಲ್ಲೇಶ. ಸಿಟ್ಟು ಇರಲಿಲ್ಲ ಅವನ ದನಿಯಲ್ಲಿ. ಲೆಕ್ಕವನ್ನು ಮೊದಲಿಂದ ಹಾಕಿ ನೋಡುವವನ ಹಾಗಿದ್ದ. "ನಾ ನಿಮ್ಮನ್ನ ಕೇಳಿಕೋತ ನನ್ನ ಉಸರು ಅಳತಿ ಮಾಡಕೋತಿದ್ದೆ."

ಬಾಗಲಕೋಟೆಯ ಎದೆರೋಗದ ದವಾಖಾನೆಗೆ ಮಂಗಳವಾರ ಹೋದರು. ಕಾಳವ್ವ ಹೊರಗೆ ಬೆಂಚಿನ ಮೇಲೆ ಕೂತಳು. ಒಳಗೆ ಒಬ್ಬರೇ ಜೊತೆಗೆ ಬರಬೇಕೆಂದರು, ಡಾಕ್ಟರರ ಮಾತು ನಿನಗೇ ತಿಳೀತೈತಿ ಹೋಗು ಎಂದು ಅನುರಾಧಾಳನ್ನು ಕಳಿಸಿದಳು. ಉಸಿರು ಅಳೆಯುವ ಮಷೀನಿಗೆ ಒಂದು ನಳಿಗೆ, ತುದಿಗೆ ಕಾಗದದ ಬಾಯಿ. ಕಲ್ಲೇಶ ಅದನ್ನು ಎರಡೂ ಕೈಯಲ್ಲಿ ಹಿಡಿದ. ಬೆರಳುಗಳು ತಾವಾಗಿ ಇಲ್ಲದ ರಂಧ್ರಗಳ ಮೇಲೆ ಕೂತವು. ಅವನು ಮೆತ್ತಗೆ, ಸಮನಾಗಿ ಊದಿದ, ಕಲಿತ ಹಾಗೆ.

"ಹಂಗಲ್ರಿ ಕಾಕಾ," ಅಂದಳು ಮಷೀನಿನ ಹುಡುಗಿ. "ಒಮ್ಮೆಲೇ, ಜೋರಲೆ. ಇದ್ದಷ್ಟೂ ಹೊರಗ ಹಾಕ್ರಿ."

"ಹಂಗ ಊದಬಾರದು ಅಂತ ಕಲತೇನವಾ," ಅಂದ ಅವನು. ಆದರೂ ಊದಿದ. ಮೂರು ಸಲ ಊದಿಸಿದಳು. ಮೂರನೆಯದಕ್ಕೆ ಗೋಡೆ ಹಿಡಿದುಕೊಂಡ.

ಡಾಕ್ಟರ್ ಚಿಕ್ಕ ವಯಸ್ಸಿನವರು. ಹೋದ ವರ್ಷದ ಕಾಗದವನ್ನೂ ಹೊಸದನ್ನೂ ಪಕ್ಕಪಕ್ಕ ಇಟ್ಟುಕೊಂಡು ನೋಡಿದರು.

"ಭಾಳ ಇಳದೈತ್ರಿ ಇದು. ಉಸರು ಕಮ್ಮಿ ಅನಸಾಕ ಯಾವಾಗಿಂದ ಶುರು ಆತು?"

"ನನಗ ಅನಸಲೇ ಇಲ್ರಿ," ಅಂದ ಕಲ್ಲೇಶ. "ಈಕಿಗಿ ಕೇಳ್ರಿ. ನಮ್ಮ ತಂಗಿ. ಕಿವಿ ಭಾಳ ಸೂಕ್ಷ್ಮ ಈಕಿದು."

ಅವನು ಚುಚ್ಚಲು ಅಂದಿರಲಿಲ್ಲ. ಅಭಿಮಾನದಿಂದಲೇ ಅಂದಿದ್ದ. ಡಾಕ್ಟರ್ ಅವಳ ಕಡೆ ತಿರುಗಿ ಪೆನ್ನು ಹಿಡಿದು ಕಾದರು.

"ದೀಪಾವಳಿಯಿಂದ," ಅಂದಳು.

"ಅವಾಗಿಂದ ಇಲ್ಲೀತನಾ ಧೂಳಿನ್ಯಾಗ ಕೆಲಸ ಮಾಡ್ಯಾರೇನ್ರಿ?"

"ಹೌದ್ರಿ."

"ದಿನಾಲೂ?"

"ದಿನಾಲೂ," ಅಂದ ಕಲ್ಲೇಶ. "ಈಗ ಬಿಟ್ರ ತಿರುಗಿ ಬರ್ತೈತೇನ್ರಿ?"

"ಹೋದದ್ದು ಬರೂದಿಲ್ರಿ. ಕಲ್ಲಿನ ಪುಡಿ ಒಳಗ ಕುಂತುಬಿಟ್ಟೈತಿ. ಇದ್ದದ್ದು ಎಷ್ಟ ದಿನ ಉಳೀತೈತಿ ನೋಡಬೇಕು. ದೀಪಾವಳಿಗೇ ಬಂದಿದ್ರ..." ಡಾಕ್ಟರ್ ಅನುರಾಧಾಳ ಮುಖ ನೋಡಿ ಮಾತು ನಿಲ್ಲಿಸಿದರು. ಔಷಧ ಬರೆಯತೊಡಗಿದರು. ಮನೆಯಲ್ಲಿ ಆಕ್ಸಿಜನ್ ಇಟ್ಟುಕೊಳ್ಳುವ ಮಾತನ್ನೂ ತಲೆ ಎತ್ತದೆ ಹೇಳಿದರು.

ಬೈದರೆ ಸಾಕೆನಿಸಿತ್ತು ಅವಳಿಗೆ, ಅಣ್ಣನಾಗಲಿ ಡಾಕ್ಟರಾಗಲಿ. ಯಾರೂ ಬೈಯಲಿಲ್ಲ. ಬಾಗಿಲ ಬಳಿ ಕಲ್ಲೇಶ ಉಸಿರು ಹಿಡಿಯಲು ನಿಂತ. ಪರದೆಯ ಆಚೆ ಕಾಳವ್ವನ ಸೀರೆಯ ಅಂಚು ಕಾಣುತ್ತಿತ್ತು.

"ನಿಮ್ಮ ವೈನಿಗಿ ದೀಪಾವಳಿ ಅನಬ್ಯಾಡ," ಅಂದ, ಮೆಲ್ಲಗೆ. "ಅಕಿ ತಡಕೊಳ್ಳೂದಿಲ್ಲ. ನಿನ್ನ ಮ್ಯಾಲೂ ಸಿಟ್ಟಾಗ್ತಾಳ. ಈಗೀಗ ಗೊತ್ತಾಗೇತಿ ಅನ್ನು."

"ಅಣ್ಣಾ, ಬ್ಯಾಡ."

"ನನ್ನ ಸಲುವಾಗಿ," ಅಂದ ಅವನು.

ಪರದೆ ಸರಿಸಿದರು. ಕಾಳವ್ವ ಎದ್ದು ನಿಂತಿದ್ದಳು. ಗಂಡನನ್ನು ನೋಡಲಿಲ್ಲ, ನೇರ ಅನುರಾಧಾಳನ್ನು ನೋಡಿದಳು.

"ಏನಂದ್ರು? ಯಾವಾಗಿಂದ ಇಳದೈತಂತ?"

ಅನುರಾಧಾಳ ನಾಲಿಗೆಯ ಮೇಲೆ ಎರಡೂ ಮಾತಿದ್ದವು. ಒಂದನ್ನು ಇವತ್ತೇ, ಒಂದು ಸಲ, ಡಾಕ್ಟರರ ಮುಂದೆ ಆಡಿಯಾಗಿತ್ತು. ಅಣ್ಣನ ಉಸಿರು ಅವಳ ಕಿವಿಯ ಹತ್ತಿರವೇ ಕೇಳುತ್ತಿತ್ತು, ಗಿಡ್ಡಗಿಡ್ಡವಾಗಿ.

"ಈಗೀಗ, ವೈನಿ," ಅಂದಳು.

"ಹಂಗಾದ್ರ ದೇವರು ದೊಡ್ಡಾಂವ," ಅಂದಳು ಕಾಳವ್ವ, ಅವಳ ಎರಡೂ ಕೈ ಹಿಡಿದುಕೊಂಡು. "ಲಗೂನ ಬಂದೇವಿ."