ಹಗೇವಿನೊಳಗಿನ ಜಮಖಾನ

ಮಾಡದಕೆರೆಯಲ್ಲಿ ಏನು ಕಳೆದರೂ ಕದ್ದವನು ಅಂಜನಪ್ಪನೇ. ಈ ವಿಷಯದಲ್ಲಿ ಊರಿನಲ್ಲಿ ಎರಡು ಮಾತಿರಲಿಲ್ಲ. ಬೇಲಿಯ ಮೇಲೆ ಒಣಹಾಕಿದ ಪಂಚೆ ಗಾಳಿಗೆ ಹಾರಿಹೋದರೂ ಅಂಜನಪ್ಪ, ಕೋಳಿಯನ್ನು ನರಿ ಎತ್ತಿಕೊಂಡು ಹೋದರೂ ಅಂಜನಪ್ಪ. ಅವನು ಎರಡು ವರ್ಷ ಬೆಂಗಳೂರಿನ ಜೈಲಿನಲ್ಲಿದ್ದಾಗಲೂ ಊರಿನ ಚೊಂಬು, ಕುಡುಗೋಲು, ಕೋಳಿಗಳು ಮೊದಲಿನಂತೆಯೇ ಕಾಣೆಯಾಗುತ್ತಿದ್ದವು. ಇದರಿಂದ ಯಾರಿಗೂ ಅನುಮಾನ ಹುಟ್ಟಲಿಲ್ಲ.

"ಅಲ್ಲಿಂದ್ಲೇ ಏನೋ ಮಾಡ್ತಾನೆ ಕಣ್ರಿ" ಎಂದು ಪಟೇಲ ಕಾಟಲಿಂಗಪ್ಪನವರು ಚಾವಡಿಯಲ್ಲಿ ತೀರ್ಪು ಕೊಟ್ಟಿದ್ದರು. ಪಟೇಲರು ಹೇಳಿದ ಮೇಲೆ ಮುಗಿಯಿತು.

ನಿಜ ಹೇಳಬೇಕೆಂದರೆ, ಅಂಜನಪ್ಪ ಕಳ್ಳನಾಗಿ ಹೇಳಿಕೊಳ್ಳುವಂಥವನೇನಲ್ಲ. ಪಟೇಲರ ಮನೆಯ ಮುಂದೆ ಒಂದು ಹಗೇವು ಇತ್ತು. ನೆಲದೊಳಗೆ ತೋಡಿದ ಕಣಜ ಅದು; ಬಾಯಿ ಸಣ್ಣದು, ಹೊಟ್ಟೆ ದೊಡ್ಡದು. ರಾಗಿ ತುಂಬಿ, ಬಾಯಿಗೆ ಚಪ್ಪಡಿ ಎಳೆದು ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಕೆಡುವುದಿಲ್ಲ. ತೆರೆದಾಗ ಮಾತ್ರ ಒಳಗಿನ ಕೆಟ್ಟ ಗಾಳಿ ಹೋಗುವವರೆಗೆ ಕಾಯಬೇಕು, ದೀಪ ಇಳಿಸಿ ನೋಡಬೇಕು. ಊರಿನ ಎಳೆಮಕ್ಕಳಿಗೂ ಇದು ಗೊತ್ತು. ಒಂದು ರಾತ್ರಿ ರಾಗಿ ಕದಿಯಲು ಬಂದ ಅಂಜನಪ್ಪ ಅವಸರದಲ್ಲಿ ಅದನ್ನೇ ಮರೆತು ಇಳಿದ, ತಲೆ ತಿರುಗಿ ರಾಗಿಯ ಮೇಲೆ ಮಲಗಿಬಿಟ್ಟ. ಪಟೇಲರು ನಾಲ್ಕು ಜನರನ್ನು ಕೂಗಿ ಕರೆದು ಹಗ್ಗ ಹಾಕಿ ಮೇಲೆತ್ತಿಸಿದರು. ಕಳ್ಳನನ್ನು ತಾವೇ ಹಿಡಿದದ್ದೆಂದು ಅವರು ಅಂದಿನಿಂದ ಹೇಳಿಕೊಳ್ಳುತ್ತಿದ್ದರು. ಹಿಡಿದದ್ದೇನಲ್ಲ, ಬಾವಿಯಿಂದ ಕೊಡ ಸೇದುವ ಹಾಗೆ ಸೇದಿದ್ದು.

ಈಗ ಅಂಜನಪ್ಪ ಆ ಕಳವಿನ ಶಿಕ್ಷೆ ಮುಗಿಸಿ ಊರಿಗೆ ಬಂದಿದ್ದ. ಬಂದದ್ದಾದರೂ ಎಂಥ ಹೊತ್ತಿನಲ್ಲಿ! ಪಟೇಲರ ಮಗಳ ವೀಳ್ಯಶಾಸ್ತ್ರಕ್ಕೆ ತುರುವನೂರಿನ ಬೀಗರು ಬರುವುದರಲ್ಲಿದ್ದರು. ಎರಡೂ ಕಡೆಯ ಹಿರಿಯರು ಒಂದೇ ಜಮಖಾನದ ಮೇಲೆ ಕುಳಿತು ಮಾತು ಕೊಡುವುದು ಪದ್ಧತಿ. ಊರಿನ ಹಳೆಯ ಜಮಖಾನದಲ್ಲಿ ಬಟ್ಟೆಗಿಂತ ತೂತೇ ಹೆಚ್ಚು. ಆದ್ದರಿಂದ ಪಟೇಲರು ಸ್ವತಃ ಬೆಂಗಳೂರಿಗೆ ಹೋಗಿ ಹೊಸದನ್ನೇ ಕೊಂಡು, ಚಿಕ್ಕಜಾಜೂರಿನಲ್ಲಿ ರೈಲಿನಿಂದ ಇಳಿಸಿ, ಗಾಡಿಯಲ್ಲಿ ಹೇರಿಸಿಕೊಂಡು ಬಂದಿದ್ದರು. ಕೆಂಪು, ನೀಲಿ ಪಟ್ಟೆ. ಅಂಚಿನ ಸುತ್ತ ಗಿಣಿಗಳ ಸಾಲು. ಎಲ್ಲ ಗಿಣಿಗಳೂ ಮುಂದೆ ನೋಡುತ್ತಿದ್ದವು. ಒಂದು ಮಾತ್ರ ಹಿಂದೆ ತಿರುಗಿತ್ತು.

"ಇದ್ಯಾಕ್ರಿ ಹಿಂಗೆ?" ಎಂದು ಪಟೇಲರ ಹೆಂಡತಿ ಕೊಟ್ರಮ್ಮ ಕೇಳಿದ್ದರು.

"ಅದು ಬೆಂಗ್ಳೂರು ನಾಜೂಕು. ದೃಷ್ಟಿ ತಾಗಬಾರ್ದು ಅಂತ ಒಂದನ್ನ ತಿರುಗಿಸ್ತಾರೆ. ನಿನಗೆ ತಿಳಿಯಾಕಿಲ್ಲ ಬಿಡು." ಹಾಗೆಂದು ಅಂಗಡಿಯವನು ಹೇಳಿರಲಿಲ್ಲ. ಪಟೇಲರಿಗೇ ದಾರಿಯಲ್ಲಿ ಹೊಳೆದದ್ದು. ಆಮೇಲೆ ಊರಿಗೆಲ್ಲ ಹೇಳಿ ಹೇಳಿ ಅವರಿಗೇ ನಂಬಿಕೆ ಬಂದಿತ್ತು.

ಒಂದು ಬೆಳಿಗ್ಗೆ ಅಂಜನಪ್ಪ ಜಗಲಿಯ ಮುಂದೆ ಬಂದು ನಿಂತ. ಪಟೇಲರ ಕೈ ತಾನೇತಾನಾಗಿ ಸೊಂಟದ ಬೀಗದಕೈಗಳ ಮೇಲೆ ಹೋಯಿತು.

"ಶರಣ್ರಿ ಪಟೇಲ್ರೇ."

"ಯಾಕ್ಲೇ ಬಂದೆ?"

"ಹಳೇ ದೊಡ್ಡಿ ಖಾಲಿ ಬಿದ್ದೈತಲ್ರಿ. ತುಡುಗು ದನ ಕೂಡೋದು ಬಿಟ್ಟು ಬಾಳಾ ವರ್ಷ ಆತು. ಅದ್ರಾಗೆ ಒಂದು ಮಗ್ಗ ಹೂಡ್ತೀನಿ, ಅಪ್ಪಣೆ ಕೊಡ್ರಿ. ಜೈಲಿನಾಗೆ ಜಮಖಾನ ನೇಯಾದು ಕಲ್ತ್ಕಂಡೀನಿ. ನನ್ನಂಗೆ ನೇಯೋನು ಆ ಜೈಲಿನಾಗೇ ಇನ್ನೊಬ್ಬ ಇಲ್ಲ ಅಂತ ಮೇಸ್ತ್ರಿನೇ ಅಂದ."

"ಮೇಸ್ತ್ರಿ ಅಂದ್ನೋ, ನೀನೇ ಅಂದ್ಕಂಡ್ಯೋ?"

"ಇಬ್ರೂ ಅಂದ್ವಿ ಬಿಡ್ರಿ."

ಜಗಲಿಯ ಮೂಲೆಯಲ್ಲಿ ಮೊರದಲ್ಲಿ ಅವರೆಕಾಳು ಹಸನು ಮಾಡುತ್ತಿದ್ದ ಶಾಂತಕ್ಕ ನಕ್ಕರು. ಆಕೆ ಪಟೇಲರ ಅಕ್ಕ. ಗಂಡ ಬೆಂಗಳೂರಿನ ಜೈಲಿನಲ್ಲಿ ವಾರ್ಡರು. ಶಾಸ್ತ್ರಕ್ಕೆಂದು ಮೊದಲೇ ಬಂದಿದ್ದ ಆಕೆಗೆ ಜೈಲಿನ ಗೋಡೆಯ ಒಳಗಿನದೂ ಗೊತ್ತು, ತಮ್ಮನ ತಲೆಯ ಒಳಗಿನದೂ ಗೊತ್ತು.

ಪಟೇಲರು ನಗಲಿಲ್ಲ. "ಕಳ್ಳರಿಗೆ ಮಗ್ಗ ಹಾಕ್ಸಿ ಕೊಡೋ ಊರಲ್ಲ ಇದು. ನಡಿ."

ಅಂಜನಪ್ಪನ ಮುಖ ಸಣ್ಣಗಾಯಿತು. "ಕೂಲಿಗೆ ಯಾರೂ ಕರೆಯಾಕಿಲ್ರಿ. ಕಳೆ ತೆಗೆಯಾಕೆ ಹೋದ್ರೆ, ಕೆಲ್ಸ ಬಿಟ್ಟು ನನ್ನ ಕೈಯನ್ನೇ ನೋಡ್ತಾ ಕುಂತ್ಕತಾರೆ. ನಮ್ಮವ್ವ ಓಬಕ್ಕ ಎಷ್ಟು ದಿನ ಅವರಿವರ ಮನೆ ಬಾಗ್ಲಾಗೆ ನಿಂತಾಳು? ಕೈಯಾಗೆ ಕಸುಬೈತೆ, ಕಾಲೂರಾಕೆ ಜಾಗ ಇಲ್ಲ." ಹೀಗೆಂದು ಹೊರಟುಹೋದ.

"ನಡಿ ಅಂದ್ಯಲ್ಲೋ ತಮ್ಮಾ, ಎಲ್ಲಿಗೆ ನಡೀಲಿ ಅವನು?" ಎಂದರು ಶಾಂತಕ್ಕ.

"ನೀನು ಸುಮ್ಕಿರಕ್ಕ. ಜೈಲು ಅಂದ್ರೆ ಹೆದ್ರಿಕೆ ಇರ್ಬೇಕು. ಕಲ್ಲು ಕುಟ್ಟಿಸ್ಬೇಕು, ಗಾಣ ತಿರುಗಿಸ್ಬೇಕು. ಉಣ್ಣಾಕಿಕ್ಕಿ ಕಸುಬೂ ಕಲಿಸಿದ್ರೆ, ನಾಳಿಂದ ಊರಿನೋರೆಲ್ಲ ಹಗೇವಿಗೆ ಹಾರ್ತಾರೆ."

"ಊರಿನೋರು ಹಾರೋದಾದ್ರೆ ಹಾರ್ಲಿ, ನೀನು ಸೇದೀಯಂತೆ. ಕಲ್ಲು ಕುಟ್ಟಿಸೋದನ್ನೂ ಕಂಡೀನಿ ಕಣೋ. ನಮ್ಮೆಜಮಾನ್ರು ಮೊದ್ಲು ಕೆಲ್ಸ ಮಾಡ್ತಿದ್ದ ಕಡೆ ಒಬ್ಬ ಇದ್ದ. ವರ್ಷಾನುಗಟ್ಲೆ ಕಲ್ಲು ಕುಟ್ಟಿಸಿ ಬಿಟ್ರು. ಹೊರಗೆ ಬಂದು ಏನು ಕುಟ್ಟಿದ ಹೇಳು?"

"ಏನು ಕುಟ್ಟಿದ?"

"ಸೆಟ್ಟರ ಮನೆ ಗೋಡೆ. ಮೊದ್ಲು ಅವನಿಗೆ ಕನ್ನ ಕೊರೆಯಾಕೆ ಸರಿಯಾಗಿ ಬರ್ತಿರ್ಲಿಲ್ವಂತೆ. ಜೈಲಿನಾಗೆ ರಟ್ಟೆ ಗಟ್ಟಿ ಆಗಿತ್ತು."

ಪಟೇಲರು ಎಲೆಗೆ ಸುಣ್ಣ ಹಚ್ಚುವುದರಲ್ಲಿ ಬಹಳ ಹೊತ್ತು ಮಗ್ನರಾದರು.

"ನಿನ್ನ ಎತ್ತು ಬೇಲಿ ಹಾರ್ತು ಅನ್ನು," ಶಾಂತಕ್ಕ ಬಿಡಲಿಲ್ಲ. "ಕಟ್ಟಿ ಹಾಕ್ತೀಯ, ಬ್ಯಾಡ ಅನ್ನಲ್ಲ. ಆಮ್ಯಾಕೆ ನೊಗಕ್ಕೆ ಹೂಡ್ತೀಯೋ, ಇಲ್ಲಾ ಕಟ್ಟಿದಲ್ಲೇ ಕೊಳೀಲಿ ಅಂತೀಯೋ?"

"ಎತ್ತು ಬ್ಯಾರೆ, ಅಂಜ್ನ ಬ್ಯಾರೆ. ಎತ್ತಿಗೆ ನಿಯತ್ತು ಐತೆ" ಎಂದು ಪಟೇಲರು ಎದ್ದು ಒಳಗೆ ಹೋದರು.

ಒಳಗೆ ಹೋದವರಿಗೆ ಒಂದು ಯೋಚನೆ ಹತ್ತಿತು. ಜಮಖಾನ ನೇಯುವುದನ್ನು ಕಲಿತವನಿಗೆ ಜಮಖಾನದ ಬೆಲೆ ಗೊತ್ತಿರುತ್ತದೆ. ಬೆಲೆ ಗೊತ್ತಿದ್ದವನು ಬಿಡುತ್ತಾನೆಯೇ? ಅಟ್ಟದ ಮೇಲೆ ಇಡೋಣವೆಂದರೆ ಹೆಂಚು ತೆಗೆದಾನು. ಪೆಟ್ಟಿಗೆಯಲ್ಲಿ ಇಡೋಣವೆಂದರೆ ಪೆಟ್ಟಿಗೆಯನ್ನೇ ಹೊತ್ತಾನು. ಅವನು ಜನ್ಮದಲ್ಲಿ ಮತ್ತೆ ಇಳಿಯದ ಜಾಗ ಊರಿನಲ್ಲಿ ಒಂದೇ ಒಂದು.

ಮಟಮಟ ಮಧ್ಯಾಹ್ನ, ಊರೆಲ್ಲ ಹೊಲದಲ್ಲಿರುವಾಗ, ಪಟೇಲರು ಹಗೇವಿನ ಬಾಯಿ ತೆರೆದು, ಗಾಳಿ ಬಿಟ್ಟು, ದೀಪ ಇಳಿಸಿ ನೋಡಿ, ಜಮಖಾನವನ್ನು ಗೋಣಿಯಲ್ಲಿ ಸುತ್ತಿ ರಾಗಿಯ ಮೇಲೆ ಇಟ್ಟರು. ರಾಗಿಯೇ ವರ್ಷಗಟ್ಟಲೆ ಕೆಡದಿರುವಾಗ ಜಮಖಾನಕ್ಕೇನು?

ಅಲ್ಲಿಗೆ ಬಿಟ್ಟಿದ್ದರೆ ಬಹುಶಃ ಏನೂ ಆಗುತ್ತಿರಲಿಲ್ಲ. ಆದರೆ ಅನುಮಾನವಿರುವವನಿಗೆ ಬೀಗ ಹಾಕಿದರೆ ಸಾಲದು, ಬೀಗ ಎಳೆದೂ ನೋಡಬೇಕು. ಪಟೇಲರು ದಿನಬಿಟ್ಟು ದಿನ ಚಪ್ಪಡಿ ಸರಿಸಿ ಬಗ್ಗಿ ನೋಡತೊಡಗಿದರು. ಮೆತ್ತಿದ ಮಣ್ಣು ಸಡಿಲವಾಯಿತು. ಸರಿಯಾಗಿ ಮೆತ್ತೋಣವೆಂದರೆ ನಾಡಿದ್ದು ಮತ್ತೆ ತೆರೆಯಬೇಕಲ್ಲ!

"ಹಗೇವಿಗೆ ಪೂಜೆ ಏನಾದ್ರೂ ಹೊತ್ಕಂಡೀರಾ?" ಎಂದು ಕೊಟ್ರಮ್ಮ ಕೇಳಿದರೂ ಪಟೇಲರು ಬಾಯಿಬಿಡಲಿಲ್ಲ.

ಶಾಸ್ತ್ರಕ್ಕೆ ಇನ್ನೇನು ಮೂರು ದಿನ ಇದೆ ಎನ್ನುವಾಗ ಜಮಖಾನ ಹೊರಗೆ ಬಂತು. ಅಂಗಳದಲ್ಲಿ ಗೋಣಿ ಬಿಚ್ಚಿದರು. ನಟ್ಟನಡುವೆ ಮೊರದಷ್ಟು ಅಗಲದ ತೂತು. ಆ ತೂತಿನ ನೂಲನ್ನೆಲ್ಲ ಎಳೆದು ಮೆತ್ತೆ ಮಾಡಿಕೊಂಡು, ಒಂದು ಹೆಗ್ಗಣ ತನ್ನ ಮಕ್ಕಳೊಂದಿಗೆ ಮಲಗಿತ್ತು. ಕಿಚಕಿಚ ಎನ್ನುತ್ತಿದ್ದ ಗುಲಾಬಿ ಬಣ್ಣದ ಮರಿಗಳು. ತಾಯಿ ಒಮ್ಮೆ ಪಟೇಲರನ್ನು ದಿಟ್ಟಿಸಿತು, ಕರೆಯದೆ ಬಂದ ನೆಂಟರನ್ನು ನೋಡುವ ಹಾಗೆ.

ಪಟೇಲರ ಬಾಯಿಂದ ಮೊದಲು ಬಂದ ಮಾತು: "ಅಂಜ್ನ! ಇದು ಅಂಜ್ನನದೇ ಕೆಲ್ಸ!"

"ಹೌದೌದು," ಎಂದರು ಶಾಂತಕ್ಕ. "ಅಂಜನಪ್ಪ ಬಾಣಂತನಕ್ಕೆ ಇಳಿದಿದ್ದ ಕಾಣ್ತೈತೆ. ಲೇ ಕಾಟ, ಹಲ್ಲಿನ ಗುರುತಾದ್ರೂ ನೋಡೋ!"

ಕೊಟ್ರಮ್ಮ ಕಣ್ಣೊರೆಸಿಕೊಂಡರು. ಅವರ ದುಃಖ ಜಮಖಾನದ್ದಲ್ಲ. ಬೀಗರು ಹೆಸರಾಂತ ಮನೆತನ. ತೂತು ಬಿದ್ದದ್ದರ ಮೇಲೆ ಕೂರಿಸಿದರೆ ನಮ್ಮನ್ನು ಹಗುರ ಮಾಡಿದರು ಎಂದುಕೊಂಡು ಎದ್ದೇ ಹೋದಾರು. ಇನ್ನೊಂದು ತರೋಣವೆಂದರೆ ಬೆಂಗಳೂರಿಗೆ ಹೋಗಿಬರಲು ದಿನ ಸಾಲದು. ಮಗಳು ಬಾಗಿಲ ಹಿಂದೆ ನಿಂತು ಸೆರಗಿನ ತುದಿ ಕಚ್ಚುತ್ತಿದ್ದಳು. ಪಟೇಲರು ಮೊದಲ ಸಲ ಜಗಲಿಯ ಮೇಲಲ್ಲ, ನೆಲದ ಮೇಲೆ ಕುಳಿತರು.

ಶಾಂತಕ್ಕ ಯಾರ ಅಪ್ಪಣೆಯನ್ನೂ ಕೇಳದೆ ಅಂಜನಪ್ಪನನ್ನು ಕರೆಸಿದರು. ಅವನು ಬಂದವನೇ ಅಂಗಳದಲ್ಲಿ ಕುಕ್ಕರುಗಾಲಿನಲ್ಲಿ ಕೂತು, ತೂತನ್ನು ಬಿಟ್ಟು ಅಂಚನ್ನು ಸವರುತ್ತ ಹೋದ. ಹಿಂದೆ ತಿರುಗಿದ ಗಿಣಿಯ ಹತ್ತಿರ ಕೈ ನಿಂತಿತು.

"ಅಯ್ಯಯ್ಯೋ, ನೀನಾ!" ಎಂದ, ಊರು ಬಿಟ್ಟುಹೋದ ಗೆಳೆಯ ಸಿಕ್ಕಿದ ಹಾಗೆ.

"ಯಾರ ಸಂಗಡ ಮಾತಾಡ್ತೀಯಲೇ?"

"ಇದು ನಾನು ನೇಯ್ದಿದ್ದು ಪಟೇಲ್ರೇ! ಜೈಲಿನ ಮಾಲು ಬೆಂಗ್ಳೂರಿನ ಅಂಗಡಿಗೇ ಹೋಗೋದು. ಹೊಸದ್ರಾಗೆ ಈ ಗಿಣಿ ತಪ್ಪಿ ಹಿಂದೆ ತಿರುಗಿಬಿಡ್ತು. ಮೇಸ್ತ್ರಿ ಎಲ್ಲಾ ಬಿಚ್ಚು ಅಂತ ಬೈದ. ಜೈಲಿನ ಸಾಹೇಬ್ರು ಬಂದು, ಇರ್ಲಿ ಬಿಡು, ಮುಂದಿನವು ನೆಟ್ಟಗೆ ಬರ್ಲಿ ಅಂದ್ರು. ಆಮ್ಯಾಕೆ ಒಂದಾದ್ರೂ ತಿರುಗಿದ್ರೆ ಕೇಳ್ರಿ!"

"ದೃಷ್ಟಿಗೆ ಅಂತ ಅಲ್ವಾ?" ಎಂದು ಕೊಟ್ರಮ್ಮ ಮೆಲ್ಲಗೆ ಗಂಡನನ್ನು ನೋಡಿದರು. ಪಟೇಲರು ಹೆಗ್ಗಣ ಓಡಿಹೋದ ದಿಕ್ಕನ್ನು ನೋಡಿದರು.

"ಕೂಡಿಸಾಕೆ ಆಗ್ತೈತೇನೋ?" ಎಂದರು ಶಾಂತಕ್ಕ.

"ಆಗ್ತೈತಕ್ಕಾ. ತುದಿ ಮಡಚಿ ಹೊಲಿದಿರೋದ್ರಾಗೆ ಹೆಚ್ಚಿನ ನೂಲು ಬಿಟ್ಟೀನಿ, ಅದೇ ಬಣ್ಣದ್ದು. ಆದ್ರೆ..." ಅವನು ಪಟೇಲರ ಕಡೆ ತಿರುಗಿದ. "ಕಳ್ಳನ ಕೈ ಮುಟ್ಟಬೌದಾ?"

ಪಟೇಲರು ಜಮಖಾನವನ್ನು ಅವನ ಕಡೆ ಸರಿಸಿದರು. "ಮೊದ್ಲೇ ಮುಟ್ಟೀಯಲ್ಲ, ಇನ್ನೇನು" ಎಂದರು.

ಕೆಲಸ ಜಗಲಿಯ ಮೇಲೆಯೇ ನಡೆಯಿತು. ಮೊದಲ ದಿನ ಪಟೇಲರು ದೊಣ್ಣೆ ಹಿಡಿದು ಎದುರಿಗೆ ಕಾವಲು ಕೂತರು. ಮರುದಿನ ಅಂಜನಪ್ಪ "ಸುಮ್ಕೆ ಕುಂತೀರಲ್ಲ, ಈ ಎಳೆ ಹಿಡ್ಕಳ್ರಿ" ಎಂದಾಗ ದೊಣ್ಣೆ ಕೆಳಗಿಟ್ಟು ಎಳೆ ಹಿಡಿದರು. ಬಿಗಿಯಾಗಿ ಹಿಡಿದಿಲ್ಲವೆಂದು ಎರಡು ಸಲ ಬೈಸಿಕೊಂಡರು. ಮಧ್ಯಾಹ್ನ ಉಂಡು ಬಂದವರು ಗೋಡೆಗೊರಗಿ ನಿದ್ದೆಹೋದರು. ಎಚ್ಚರವಾದಾಗ ಸೊಂಟದ ಬೀಗದಕೈಗಳು ಜಾರಿ ಜಗಲಿಯ ಮೇಲೆ ಬಿದ್ದಿದ್ದವು. ಅಂಜನಪ್ಪ ತಲೆ ಎತ್ತದೆ, "ಎತ್ತಿಟ್ಕಳ್ರಿ. ಯಾರಾದ್ರೂ ನೋಡಿದ್ರೆ ನನ್ನ ಮ್ಯಾಲೆ ಬರ್ತೈತೆ" ಎಂದ.

ಶಾಸ್ತ್ರದ ದಿನ ತೂತು ಎಲ್ಲಿತ್ತೆಂದು ಪಟೇಲರೇ ಹುಡುಕಬೇಕಾಯಿತು. ಬೀಗರು ಬಂದರು. "ಬರ್ರಿ, ಬರ್ರಿ, ಕುಂತ್ಕಳ್ರಿ." ತುರುವನೂರಿನ ಪರಮೇಶ್ವರಪ್ಪನವರು ಜಮಖಾನದ ಮೇಲೆ ಕುಳಿತು, ಅಂಗೈಯಿಂದ ಸವರಿ, "ಚಲೋ ಮಾಲು" ಎಂದರು. ಆಮೇಲೆ ಅವರ ಕಣ್ಣು ಅಂಚಿಗೆ ಹೋಯಿತು.

"ಇದೇನು ಬೀಗರೇ, ಈ ಗಿಣಿ ಹಿಂದೆ ನೋಡ್ತೈತೆ?"

ಪಟೇಲರ ನಾಲಿಗೆಯ ತುದಿಯಲ್ಲಿ ದೃಷ್ಟಿಯ ಕಥೆ ತಯಾರಿತ್ತು. ಹೇಳಿದ್ದರೆ ಎಲ್ಲರೂ ನಂಬುತ್ತಿದ್ದರು. ಆದರೆ ಚಪ್ಪರದ ಅಂಚಿನಲ್ಲಿ ಓಬಕ್ಕ ಮಗನೊಂದಿಗೆ ನಿಂತಿದ್ದಳು. ಯಾರೂ ಒಳಗೆ ಕರೆದಿರಲಿಲ್ಲ. ಅಂಜನಪ್ಪ ತಾನು ಕೂಡಿಸಿದ ಜಾಗದ ಮೇಲೆ ಯಾರು ಕೂರುತ್ತಾರೆಂದು ಕತ್ತು ಉದ್ದ ಮಾಡಿ ನೋಡುತ್ತಿದ್ದ. ಶಾಂತಕ್ಕ ಎಲೆಯಡಿಕೆ ತಟ್ಟೆ ಹಿಡಿದು ತಮ್ಮನನ್ನೇ ನೋಡುತ್ತಿದ್ದರು.

"ಅದು ನಮ್ಮೂರ ಹುಡುಗ ಒಂದ್ಸಲ ತಪ್ಪಿದ್ದು," ಎಂದರು ಪಟೇಲರು. "ಜೈಲಿಗೆ ಹೋಗಿದ್ದ. ಅಲ್ಲೇ ಕಲ್ತು ನೇಯ್ದಿದ್ದು ಇದು. ಆಮೇಲಿನವು ಎಲ್ಲಾ ನೆಟ್ಟಗೆ ಅವೆ, ನೋಡ್ರಿ."

ಪರಮೇಶ್ವರಪ್ಪನವರು ಕೂತಲ್ಲೇ ಸ್ವಲ್ಪ ಸರಿದರು. ಎದ್ದೇ ಹೋಗುತ್ತಾರೆ ಎಂದುಕೊಂಡರು ಕೊಟ್ರಮ್ಮ. ಬೀಗರು ಸರಿದದ್ದು ಗಿಣಿಗಳನ್ನು ನೋಡಲು. ಒಂದೊಂದನ್ನೇ ನೋಡುತ್ತ ಅಂಚಿನ ಕೊನೆಯವರೆಗೆ ಬಗ್ಗಿದರು.

"ನೆಟ್ಟಗೆ ಅವೆ" ಎಂದು ಒಪ್ಪಿದರು. "ಎಲ್ಲಿರ್ತಾನೆ ಅವನು? ಮದುವೆಗೆ ನಮಗೂ ಒಂದು ಬೇಕು."

"ಹಳೇ ದೊಡ್ಡಿಯಾಗೆ. ಮಗ್ಗ ಹೂಡ್ಯಾನೆ," ಎಂದರು ಪಟೇಲರು. ಒಂದು ಕ್ಷಣ ಬಿಟ್ಟು, "ನಾಳಿಂದ" ಎಂದು ಸೇರಿಸಿದರು.

"ಗಿಣಿ ಮಾತ್ರ ಎಲ್ಲಾ ಮುಂದೆ ನೋಡ್ಲಿ."

ಚಪ್ಪರದ ಅಂಚಿನಿಂದ ಅಂಜನಪ್ಪ ಕೂಗಿದ: "ಬೈಯಾಕೆ ಇಲ್ಲಿ ಮೇಸ್ತ್ರಿ ಇಲ್ವಲ್ರಿ!"

"ಅದಕ್ಕೆ ನಾನಿದ್ದೀನಿ ಕಣ್ಲೇ. ಅಲ್ಯಾಕೆ ನಿಂತೀಯಾ? ನಿಮ್ಮವ್ವನ್ನ ಕರ್ಕಂಡು ಒಳಗೆ ಬಾ" ಎಂದರು ಪಟೇಲರು.

ಆ ವಾರವೇ ಊರಿನಲ್ಲಿ ಒಂದು ಕುಡುಗೋಲು ಕಾಣೆಯಾಯಿತು. ಎಲ್ಲರೂ ಅಭ್ಯಾಸಬಲದಿಂದ ದೊಡ್ಡಿಯ ಕಡೆ ನೋಡಿದರು. "ಮೊದ್ಲು ಅವರವರ ಹಿತ್ಲು ಹುಡುಕ್ರಿ" ಎಂದರು ಪಟೇಲರು. ಕುಡುಗೋಲು ಸಿಕ್ಕಿತು. ಎಲ್ಲಿ ಎಂದು ಕೇಳಬೇಡಿ. ಪಟೇಲರ ಹುಲ್ಲಿನ ಬಣವೆಯಲ್ಲಿ.

ಓದುವ ಅಣ್ಣಂದಿರೇ, ಓದಿಸಿಕೊಂಡು ಕೇಳುವ ಅಕ್ಕಂದಿರೇ, ಇಂದಲ್ಲ ನಾಳೆ ನಿಮ್ಮ ಊರಿಗೂ ಒಬ್ಬ ಅಂಜನಪ್ಪ ಬರುತ್ತಾನೆ. ಬಂದಾಗ, ಏನು ಕದ್ದೆ ಎಂದು ಕೇಳಬೇಡಿ. ಅದನ್ನು ಕೋರ್ಟು ಕೇಳಿ ಆಗಿದೆ. ಏನು ಕಲಿತು ಬಂದೆ ಎಂದು ಕೇಳಿ. ಏನೂ ಕಲಿಸಲಿಲ್ಲ ಎಂದು ಅವನು ಹೇಳಿದರೆ ತಪ್ಪು ಅವನೊಬ್ಬನದೇ ಅಲ್ಲ. ನಿಮ್ಮ ತಾಲ್ಲೂಕಿನಿಂದ ಮೈಸೂರಿನ ಪ್ರಜಾಪ್ರತಿನಿಧಿ ಸಭೆಗೆ ಹೋಗುವವರನ್ನು ಹಿಡಿದು ಹೇಳಿ: ಜೈಲಿನಲ್ಲಿ ಮಗ್ಗವಿರಲಿ, ಅಕ್ಷರವಿರಲಿ, ತಪ್ಪಿದ ಗಿಣಿಯನ್ನು ಕಂಡು 'ಮುಂದಿನವು ನೆಟ್ಟಗೆ ಬರಲಿ' ಎನ್ನುವವರು ಇರಲಿ. ಮನುಷ್ಯನನ್ನು ಹಗೇವಿಗೆ ಹಾಕಿ ಚಪ್ಪಡಿ ಎಳೆಯುವುದು ಸುಲಭ; ತೆರೆದಾಗ ಹೊರಗೆ ಬರುವುದು ಏನೆಂದು ಯೋಚಿಸಿ. ಊರಿನಲ್ಲಿ ಖಾಲಿ ಬಿದ್ದ ದೊಡ್ಡಿ ಇದ್ದರೆ ಬಾಗಿಲು ತೆಗೆದುಕೊಡಿ. ಹೆಗ್ಗಣಕ್ಕೇ ಬಾಣಂತನಕ್ಕೆ ಜಾಗ ಕೊಟ್ಟವರು ನಾವು. ಮನುಷ್ಯನಿಗೆ ಒಂದು ಮಗ್ಗದಷ್ಟು ಜಾಗ ಕೊಡಲಾರೆವೇ?