ಅಗಿಯಬಾರದ ತುತ್ತು

ತೂಕ ಇಳಿಸುವ ಆಪರೇಷನ್ ಮಾಡಿಸಿಕೊಳ್ಳುತ್ತೇನೆ ಎಂದು ಕನಕರಾಜು ಬಾಯಿ ಬಿಟ್ಟದ್ದೇ ತಪ್ಪಾಯಿತು. ಚನ್ನರಾಯಪಟ್ಟಣದಲ್ಲಿ ಡಾಕ್ಟರಾಗದೆ ಉಳಿದವರು ಒಬ್ಬರೂ ಇಲ್ಲ ಎಂಬುದು ಅವನಿಗೆ ಆಗಲೇ ತಿಳಿದದ್ದು. ಕೆರೆ ಏರಿ ಮೇಲೆ ನಡಿ ಅಂದವನೊಬ್ಬ, ಬಿಸಿನೀರಿಗೆ ನಿಂಬೆಹಣ್ಣು ಹಿಂಡಿಕೊಂಡು ಕುಡಿ ಅಂದವನೊಬ್ಬ. ಮಂಡಿಯಲ್ಲಿ ಕೊಬ್ಬರಿ ತೂಗುವ ಸಿದ್ದೇಶ್ವರನಂತೂ, ಬಾಯಿಗೆ ಬೀಗ ಹಾಕುವುದಕ್ಕೆ ಆಸ್ಪತ್ರೆಯೇ ಬೇಕಾ ಎಂದು ನಾಲ್ಕು ಜನರ ಮುಂದೆ ನಕ್ಕುಬಿಟ್ಟ. ನಕ್ಕವನ ಹೊಟ್ಟೆ ಅವನ ತಕ್ಕಡಿಗಿಂತ ಮುಂದಿತ್ತು. ಕನಕರಾಜು ಅದನ್ನು ನೋಡಿಕೊಂಡೇ ಮುಂದೆ ನಡೆದ. ಅವನು ಏರಿ ಮೇಲೆ ನಡೆದಿದ್ದ, ನಿಂಬೆಹಣ್ಣೂ ಹಿಂಡಿದ್ದ, ಒಪ್ಪೊತ್ತು ಉಂಡು ತಲೆ ಸುತ್ತಿ ಬಿದ್ದೂ ಇದ್ದ. ಇಳಿದ ತೂಕ ಪ್ರತಿ ಸಲವೂ ನೆಂಟರನ್ನು ಕರೆದುಕೊಂಡೇ ವಾಪಸ್ಸು ಬಂದಿತ್ತು. ಇದನ್ನೆಲ್ಲ ಎಷ್ಟು ಜನಕ್ಕೆ ಅಂತ ಹೇಳುತ್ತಾ ಕೂರುವುದು?

ಅವನು ಸರ್ಕಾರಿ ಬಸ್ಸಿನ ಡ್ರೈವರ್. ಹಾಸನ, ಹೊಳೆನರಸೀಪುರ, ಅರಕಲಗೂಡು, ಯಾವ ರಸ್ತೆಯ ಯಾವ ಗುಂಡಿ ಎಲ್ಲಿದೆ ಎಂದು ಕಣ್ಣು ಮುಚ್ಚಿಕೊಂಡು ಹೇಳಬಲ್ಲವನು. ಹೋದ ವರ್ಷ ನುಗ್ಗೇಹಳ್ಳಿ ದಾರಿಯಲ್ಲಿ ನಿಜವಾಗಿಯೂ ಕಣ್ಣು ಮುಚ್ಚಿಬಿಟ್ಟ. ಹಾಡಹಗಲು. ಬಸ್ಸು ಮೋರಿಯ ಕಟ್ಟೆಗೆ ಉಜ್ಜಿಕೊಂಡು ನಿಂತಿತು. ದೇವರು ದೊಡ್ಡವನು, ಒಬ್ಬ ಹೆಂಗಸಿನ ಮೊಟ್ಟೆ ಬುಟ್ಟಿ ಹೋದದ್ದು ಬಿಟ್ಟರೆ ಯಾರಿಗೂ ಏನೂ ಆಗಲಿಲ್ಲ. ಹಾಸನದ ಡಾಕ್ಟರ್ ಚಂದ್ರಮೌಳಿ ಪರೀಕ್ಷೆ ಮಾಡಿ, ಮೈಭಾರಕ್ಕೆ ನಿದ್ದೆಯಲ್ಲಿ ಉಸಿರು ಕಟ್ಟುತ್ತಿದೆ, ರಾತ್ರಿ ನಿದ್ದೆಯಾಗದ್ದಕ್ಕೇ ಹಗಲು ಜೋಂಪು ಹತ್ತುತ್ತಿದೆ ಎಂದರು. ಫಿಟ್‌ನೆಸ್ ಸರ್ಟಿಫಿಕೇಟು ತರುವವರೆಗೆ ಸ್ಟೇರಿಂಗ್ ಮುಟ್ಟಬೇಡ ಎಂದು ಡಿಪೋದವರು ಅವನನ್ನು ಗೇಟಿಗೆ ಕೂರಿಸಿದರು. ತರದೇ ಹೋದರೆ ಗೇಟೇ ಕಾಯಂ. ತಾನು ಮಗುವಿನ ಹಾಗೆ ನೋಡಿಕೊಂಡ ಬಸ್ಸನ್ನು ಯಾವನೋ ಗೇರು ಕಿರುಗುಟ್ಟಿಸಿಕೊಂಡು ಒಯ್ಯುವಾಗ ಎದ್ದು ಗೇಟು ತೆಗೆಯುವುದಿದೆಯಲ್ಲ, ಅದು ಶತ್ರುವಿಗೂ ಬೇಡ. ಆಪರೇಷನ್ ಬೇಕಾದದ್ದು ಅದಕ್ಕೆ, ಚೆಂದ ಕಾಣುವುದಕ್ಕಲ್ಲ.

ಕೊಬ್ಬಿದ ಲಿವರ್ ಸ್ವಲ್ಪ ಕುಗ್ಗದೆ ಹೊಟ್ಟೆಗೆ ಕೈ ಹಾಕುವ ಹಾಗಿಲ್ಲವೆಂದು ಮೊದಲೆರಡು ವಾರ ಬರೀ ನೀರು ಪದಾರ್ಥ ಕುಡಿಯಬೇಕಿತ್ತು. ಮಜ್ಜಿಗೆ, ಬೇಳೆಕಟ್ಟು, ಸುಣ್ಣದ ನೀರಿನಂಥ ಅದೆಂಥದೋ ಪುಡಿ. ಸರಿಯಾಗಿ ಅದೇ ಹೊತ್ತಿಗೆ ಹರದನಹಳ್ಳಿಯ ಸೋದರಮಾವ ಮರಿಯಣ್ಣನ ಮನೆಯ ಬೀಗರೂಟ ಬಂತು. ಬೀಗರೂಟ ಎಂದರೆ, ಎಲೆ ಮುಂದೆ ಕೂತವನು ಸಾಕು ಎಂದಷ್ಟೂ ಬಡಿಸುವವನಿಗೆ ಹುರುಪು ಬರುವ ಜಾಗ. ಅಲ್ಲಿ ಕನಕರಾಜು ಮಜ್ಜಿಗೆ ಲೋಟ ಹಿಡಿದುಕೊಂಡು ಗೋಡೆಗೆ ಒರಗಿ ಕೂತ. ಆ ಮನುಷ್ಯನ ಸಂಕಟ ಕೇಳಬೇಡಿ, ಸುತ್ತಲೂ ಬಾಡಿನ ಸಾರಿನ ಘಮ. ನಮ್ಮನೆ ಊಟ ನಿನಗೆ ಕಡಿಮೆಯಾಯಿತಾ ಎಂದು ಮರಿಯಣ್ಣ ಮುನಿಸಿಕೊಂಡ. ವಿಷಯ ಬಿಡಿಸಿ ಹೇಳಿದರೆ, ತಿಂದು ಬೆಳೆಸಿದ್ದನ್ನು ಯಾರಾದರೂ ಕತ್ತರಿಸಿ ಹಾಕುತ್ತಾರಾ ಎಂದು ಕೈಲಿದ್ದ ಸೌಟು ಆಡಿಸಿ ಪಂಕ್ತಿಗೆಲ್ಲ ಕೇಳಿಸುವ ಹಾಗೆ ಬುದ್ಧಿ ಹೇಳಿದ. ಸಂಜೆಯೊಳಗೆ ಕನಕರಾಜುಗೆ ಏನೋ ಕೆಟ್ಟ ಕಾಯಿಲೆಯಂತೆ ಎಂಬ ಸುದ್ದಿ ಅವನಿಗಿಂತ ಮೊದಲೇ ಪಟ್ಟಣ ಸೇರಿತ್ತು.

ಮನೆಯಲ್ಲಿ ಅವನ ತಾಯಿ ಲಕ್ಕಮ್ಮನದು ಇನ್ನೊಂದು ರಾಗ. ಹೆಂಡತಿ ಕೋಮಲಾ ಲೋಟದಲ್ಲಿ ಅಳೆದು ಕೊಡುವುದನ್ನು ನೋಡಿ ನೋಡಿ ಮುದುಕಿ ಕಣ್ಣಲ್ಲಿ ನೀರು ಹಾಕುತ್ತಿದ್ದಳು.

"ಇಟ್ಟು ತಿಂದೋನು ಬೆಟ್ಟ ಕಿತ್ತಿಟ್ಟ ಅಂತಾರೆ. ನಾನು ಇಟ್ಟು ಆಕಿ ಸಾಕಿದ ಒಟ್ಟೆ ಕಣಪ್ಪಾ ಅದು. ಕುಯ್ದು ಬಿಸಾಕ್ತಾರಂತೆ," ಎಂದಳು ಒಂದು ದಿನ.

ಅವಳ ಬಾಯಲ್ಲಿ ರಾಗಿಮುದ್ದೆಗೆ ಹಿಟ್ಟು ಎಂದೇ ಹೆಸರು, ಅದೂ ಇಟ್ಟು. ಕನಕರಾಜುಗೆ ಮುದ್ದೆ ಉಣ್ಣುವುದನ್ನು ಕಲಿಸಿದವಳೂ ಅವಳೇ. ಬೆರಳಲ್ಲಿ ಮುರಿದು, ಉಂಡೆ ಮಾಡಿ, ಸಾರಿನಲ್ಲಿ ಅದ್ದಿ, ನಾಲಿಗೆಯ ಹಿಂದಕ್ಕೆ ಇಡಬೇಕು. ಅದು ತಾನಾಗಿ ಜಾರಿ ಇಳಿಯಬೇಕು. ಮಗುವಾಗಿದ್ದಾಗ ಅವನ ದವಡೆ ಆಡಿದರೆ ಕೆನ್ನೆಗೆ ಮೆಲ್ಲಗೆ ತಟ್ಟಿ, "ಅಗೀಬ್ಯಾಡ ಕಣ್ಲಾ, ನುಂಗು," ಅನ್ನುತ್ತಿದ್ದಳು. ಮುದ್ದೆಯನ್ನು ಅಗಿಯುವವನು ಒಂದೋ ಬೇರೆ ಸೀಮೆಯವನು, ಇಲ್ಲವೇ ಉಣ್ಣಲು ಬಾರದವನು. ಈ ಕಡೆ ಬೆಳೆದವರಿಗೆ ಅದನ್ನು ಯಾರೂ ಬಿಡಿಸಿ ಹೇಳುವುದಿಲ್ಲ, ಎಲ್ಲರಿಗೂ ಗೊತ್ತಿರುತ್ತದೆ.

ಹಾಸನದಲ್ಲಿ ಹೊಟ್ಟೆಯ ಚೀಲವನ್ನು ಮುಕ್ಕಾಲು ಪಾಲು ಕತ್ತರಿಸಿ ತೆಗೆಯುವ ಆಪರೇಷನ್ ಸಲೀಸಾಗಿ ಆಯಿತು. ಕಷ್ಟವೆಲ್ಲ ಶುರುವಾದದ್ದು ಮನೆಗೆ ಬಂದ ಮೇಲೆ. ಒಂದು ಬಾಳೆಹಣ್ಣಿನಷ್ಟು ಉಳಿದ ಹೊಟ್ಟೆಗೆ ಚಮಚದಲ್ಲಿ ಗುಟುಕು ಗುಟುಕಾಗಿ ಕುಡಿಸುವುದೇ ಕೋಮಲಾಗೆ ದಿನವಿಡೀ ಕೆಲಸ. ನಾಲ್ಕು ಚಮಚ ಹೋಗುವಷ್ಟರಲ್ಲಿ ಸಾಕಪ್ಪಾ ಅನ್ನಿಸುತ್ತಿತ್ತು, ಆದರೆ ಮನಸ್ಸಿಗೆ ಸಾಕು ಎನ್ನುವುದು ಗೊತ್ತಿರಲಿಲ್ಲ. ಪಕ್ಕದ ಮನೆಯಲ್ಲಿ ಒಗ್ಗರಣೆ ಹಾಕಿದರೆ ಇವನಿಗೆ ಸಿಟ್ಟು. ಟೀವಿಯಲ್ಲಿ ಅಡಿಗೆ ತೋರಿಸಿದರೆ ಸಿಟ್ಟು. ತಲೆ ಬಾಚಿದರೆ ಬಾಚಣಿಗೆ ತುಂಬ ಕೂದಲು, ಅದಕ್ಕೂ ಸಿಟ್ಟು. ನೋಡಲು ಬಂದವರು ಬ್ರೆಡ್ಡು, ಸೇಬು ತಂದು ಅವನ ಎದುರಿಗೇ ಇಟ್ಟು, ಹೀಗೇ ಆಪರೇಷನ್ ಮಾಡಿಸಿಕೊಂಡು ಸತ್ತ ಯಾರದೋ ಕಥೆ ಹೇಳಿ ಕಾಫಿ ಕುಡಿದು ಹೋಗುತ್ತಿದ್ದರು. ಸಮಾಧಾನವಿದ್ದದ್ದು ಒಂದೇ, ರಾತ್ರಿ ಉಸಿರು ಕಟ್ಟುತ್ತಿರಲಿಲ್ಲ. ಗೊರಕೆಯಿಲ್ಲದ ಮನೆ ಬಿಕೋ ಅನ್ನಿಸುತ್ತೆ ಎಂದು ಕೋಮಲಾ ನಕ್ಕಿದ್ದಳು. ಫಿಟ್‌ನೆಸ್ ಪರೀಕ್ಷೆಗೆ ತಾರೀಕೂ ಗೊತ್ತಾಯಿತು. ಕನಕರಾಜು ಕ್ಯಾಲೆಂಡರನ್ನು ದೇವರ ಪಟದ ಪಕ್ಕಕ್ಕೆ ತಂದು ತಗುಲಿಹಾಕಿಕೊಂಡ.

ಆ ತಾರೀಕಿಗೆ ಇನ್ನೊಂದು ವಾರವಿದ್ದಾಗ ಆಸ್ಪತ್ರೆಯ ಡಯಟಿಷಿಯನ್ ಹುಡುಗಿ ಫೋನಿನಲ್ಲಿ, ಇನ್ನು ಮೆತ್ತಗಿನ ಪದಾರ್ಥ ಶುರು ಮಾಡಬಹುದು, ಚೆನ್ನಾಗಿ ಅಗಿದು ತಿನ್ನಲಿ ಎಂದಳು. ರಾಗಿ ಆಗುತ್ತಾ ಎಂದು ಕೋಮಲಾ ಕೇಳಿದಳು. ರಾಗಿ ತುಂಬಾ ಒಳ್ಳೆಯದು ಎಂದಳು ಹುಡುಗಿ. ಅವಳು ಉಡುಪಿ ಕಡೆಯವಳು, ಅವಳ ಮನಸ್ಸಿನಲ್ಲಿದ್ದದ್ದು ಗಂಜಿ. ಲಕ್ಕಮ್ಮನ ಮುಖದಲ್ಲಿ ಎಷ್ಟೋ ದಿನಗಳ ಮೇಲೆ ಕಳೆ ಬಂತು.

"ಇಟ್ಟಿಗಿಂತ ಮೆತ್ತಗಿರೋದು ಲೋಕ್ದಲ್ಲಿ ಇನ್ನೇನೈತವ್ವಾ?" ಎಂದಳು.

ಹೌದಲ್ಲ ಅನ್ನಿಸಿತು ಕೋಮಲಾಗೆ. ಕನಕರಾಜುಗೂ ಅನ್ನಿಸಿತು. ನಮಗೂ ನಿಮಗೂ ಹಾಗೇ ಅನ್ನಿಸುತ್ತಿತ್ತು ಬಿಡಿ. ಲಕ್ಕಮ್ಮ ತಾನೇ ಒಲೆ ಮುಂದೆ ನಿಂತು ತಿರುವಿ, ನೆಲ್ಲಿಕಾಯಿಯಷ್ಟೇ ಮುದ್ದೆ ಕಟ್ಟಿ, ಹುರುಳಿಕಟ್ಟಿನ ಸಾರಿನ ಬಟ್ಟಲಲ್ಲಿ ಇಟ್ಟುಕೊಟ್ಟಳು. ಕನಕರಾಜು ಚೆನ್ನಾಗಿ ಅಗಿಯಬೇಕು ಎಂಬುದನ್ನು ನೆನಪಿನಲ್ಲಿಟ್ಟುಕೊಂಡೇ ಕೂತ. ಆದರೆ ಬಾಯಿಗೆ ಅದರದೇ ನೆನಪಿತ್ತು. ತುತ್ತು ನಾಲಿಗೆಗೆ ತಾಕಿತೋ ಇಲ್ಲವೋ, ಹಲ್ಲು ಸುಮ್ಮನೆ ಪಕ್ಕಕ್ಕೆ ನಿಂತವು, ಗಂಟಲು ಬಾಗಿಲು ತೆರೆಯಿತು. ನುಂಗಿಬಿಟ್ಟ.

ಅದು ಎದೆಯ ಗೂಡಿನಲ್ಲಿ ಕಲ್ಲಿನ ಹಾಗೆ ಕೂತಿತು. ಮೇಲಕ್ಕೂ ಇಲ್ಲ, ಕೆಳಕ್ಕೂ ಇಲ್ಲ. ನೀರು ಕುಡಿದರೆ ನೀರು ವಾಪಸ್ಸು ಬಂತು. ಬಾಯಲ್ಲಿ ನೊರೆ ಕಿತ್ತುಕೊಂಡಿತು, ಮೈ ಬೆವೆತು ಬಟ್ಟೆ ಅಂಟಿಕೊಂಡಿತು. ಅವನನ್ನು ಕಾರಿನಲ್ಲಿ ಹಾಕಿಕೊಂಡು ಹಾಸನಕ್ಕೆ ಓಡುವಾಗ ದಾರಿಯುದ್ದಕ್ಕೂ ಲಕ್ಕಮ್ಮ ಅವನ ಬೆನ್ನು ನೀವುತ್ತಲೇ ಇದ್ದಳು. ಅಲ್ಲಿ ಗಂಟಲೊಳಗೆ ಕೊಳವೆ ಇಳಿಸಿ ತುತ್ತನ್ನು ಚೂರು ಚೂರಾಗಿ ತೆಗೆದರು. ಹೊಲಿಗೆ ಬಿಡದೆ ಇದ್ದದ್ದು ಪುಣ್ಯ ಎಂದರು ಚಂದ್ರಮೌಳಿ. ಅಗಿದು ತಿನ್ನಿ ಎಂದು ಹೇಳಿರಲಿಲ್ಲವೇ ಎಂದು ಕೇಳಿದರು.

"ಮುದ್ದೆನ ಯಾರು ಸಾ ಅಗೀತಾರೆ?" ಎಂದಳು ಕೋಮಲಾ.

ಡಾಕ್ಟರು ಹಣೆಗೆ ಕೈ ಇಟ್ಟುಕೊಂಡರು. "ನಾನೂ ಅರಕಲಗೂಡಿನವನೇ ಕಣಮ್ಮಾ. ನಾನೂ ನುಂಗೋದೇ. ಅದನ್ನ ಹೇಳಬೇಕು ಅಂತ ನನಗೇ ಹೊಳೀಲಿಲ್ಲ ನೋಡು," ಎಂದರು.

ಅವರಿಗೆ ಹೊಳೆಯದ್ದಕ್ಕೆ ದಂಡ ತೆತ್ತದ್ದು ಕನಕರಾಜು. ಮತ್ತೆ ಮೊದಲಿನಿಂದ ಚಮಚ, ಮತ್ತೆ ಬೇಳೆಕಟ್ಟು. ಪರೀಕ್ಷೆಯ ತಾರೀಕು ಅವನು ಆಸ್ಪತ್ರೆಯ ಮಂಚದ ಮೇಲಿದ್ದಾಗಲೇ ಕಳೆದುಹೋಯಿತು. ಮುಂದಿನದು ಮೂರು ತಿಂಗಳ ಮೇಲೆ, ಅದೇ ಕೊನೆಯ ಅವಕಾಶ ಎಂದು ಡಿಪೋದಿಂದ ಹೇಳಿ ಕಳಿಸಿದರು. ಕೈಗೆ ಬಂದದ್ದು ಬಾಯಿಗೆ ಬರಲಿಲ್ಲ ಅನ್ನುತ್ತಾರಲ್ಲ, ಇವನಿಗೆ ಬಾಯಿಗೆ ಬಂದದ್ದರಿಂದಲೇ ಕೈಗೆ ಬಂದದ್ದು ಹೋಯಿತು. ಮನೆಗೆ ಬಂದ ದಿನ ಲಕ್ಕಮ್ಮ ಚಾಪೆ ಹಾಸಿ, ದಿಂಬು ಕೊಡವಿ, ಹೇಗಿದ್ದೀಯಪ್ಪಾ ಎಂದು ಹಣೆ ಮುಟ್ಟಲು ಬಂದಳು. ಅವನು ಕೈ ತಳ್ಳಿದ.

"ನನ್ ಸ್ಟೇರಿಂಗ್ ಕಿತ್ಕಂಡಿದ್ದು ನಿನ್ ಮುದ್ದೆ ಕಣವ್ವಾ," ಎಂದ.

ಮಾತು ಆಡಿದರೆ ಹೋಯಿತು. ಲಕ್ಕಮ್ಮ ಎದ್ದು ಒಳಗೆ ಹೋದಳು. ಮುದ್ದೆ ತಿರುವುವ ಕೋಲನ್ನು ತೊಳೆದು ಒರೆಸಿ ಅಟ್ಟದ ಮೇಲೆ ಇಟ್ಟಳು.

ಅದು ಅಲ್ಲೇ ಇದೆ ಎಂಬುದನ್ನು ಕನಕರಾಜು ಗಮನಿಸಿದ್ದು ಎಷ್ಟೋ ವಾರಗಳಾದ ಮೇಲೆ. ಆಗ ಅವನು ಅನ್ನವನ್ನು ನುರಿದು ಅಗಿದು ಅಗಿದು ತಿನ್ನುವಷ್ಟಾಗಿದ್ದ. ಹೊಟ್ಟೆ ಇಳಿದಿತ್ತು, ಪ್ಯಾಂಟು ಜಾರುತ್ತಿತ್ತು, ಕೆನ್ನೆ ಗುಳಿಬಿದ್ದಿತ್ತು. ದಪ್ಪಗಿದ್ದಾಗ ನಗುತ್ತಿದ್ದವರು ಈಗ ಪಾಪ ಅನ್ನುತ್ತಿದ್ದರು. ಸಿದ್ದೇಶ್ವರನೇ ಮಂಡಿ ಬಿಟ್ಟು ಎದ್ದು ಬಂದು, ಮೊದಲೇ ಚೆನ್ನಾಗಿದ್ದೆ ಎಂದು ಹೇಳಿ ಹೋದ. ಆ ಉರಿಯಲ್ಲೇ ಮನೆಗೆ ಬಂದರೆ ತಾಯಿ ಮೂಲೆಯಲ್ಲಿ ಕೂತು ತಿಳಿಸಾರು ಅನ್ನ ಕಲಸುತ್ತಿದ್ದಳು. ಅನ್ನ ಜ್ವರ ಬಂದವರ ಊಟ ಎಂದು ಜನ್ಮವೆಲ್ಲ ಹೀಗಳೆದವಳು. ಯಾವಾಗಿನಿಂದ ಹೀಗೆ ಎಂದು ಕೋಮಲಾಳನ್ನು ಕೇಳಿದ. ನೀವು ಆ ಮಾತು ಅಂದಾಗಿನಿಂದ, ಮನೆಯಲ್ಲಿ ಹಿಟ್ಟು ತಿರುವಲೇ ಬಿಟ್ಟಿಲ್ಲ ಅತ್ತೆ ಎಂದಳು ಅವಳು.

ತಪ್ಪಾಯಿತು ಅನ್ನಬೇಕು ಎಂದುಕೊಂಡೇ ತಾಯಿಯ ಮುಂದೆ ನಿಂತ. ಬಾಯಿಂದ ಬಂದದ್ದು ಬೇರೆ.

"ಏನವ್ವಾ, ಇಟ್ಟು ಬುಟ್ಟು ನನ್ ಮ್ಯಾಲೆ ಅಗೆ ತೀರಿಸ್ಕತಿದೀಯಾ?"

ಲಕ್ಕಮ್ಮ ತಲೆ ಎತ್ತಲಿಲ್ಲ. "ಅಗೆ ಅಲ್ಲ ಕಣಪ್ಪಾ. ನಂಗೂ ಗಂಟ್ಲಲ್ಲಿ ಇಳೀನಿಲ್ಲ," ಎಂದಳು.

ಕನಕರಾಜು ಅಲ್ಲಿ ನಿಲ್ಲಲಾರದೆ ಹೊರಗೆ ಹೋದ. ಡಿಪೋ ಗೇಟಿನ ಮುಂದೆ, ಡ್ಯೂಟಿಯಿಲ್ಲದಿದ್ದರೂ, ಸುಮ್ಮನೆ ನಿಂತು ಬಂದ.

ಮೂರು ತಿಂಗಳ ಮೇಲೆ ಪರೀಕ್ಷೆಯಾಯಿತು. ಮಲಗಿಸಿ ನೋಡಿದರು, ಎಬ್ಬಿಸಿ ನೋಡಿದರು, ಸರ್ಟಿಫಿಕೇಟು ಕೊಟ್ಟರು. ಮೊದಲ ಡ್ಯೂಟಿ ಬಿದ್ದದ್ದು ಅದೇ ನುಗ್ಗೇಹಳ್ಳಿ ರೂಟಿಗೆ. ಬೆಳಗ್ಗೆ ಸೀಟಿನ ಮೇಲೆ ಕೂತಾಗ ಹೊಟ್ಟೆಗೂ ಸ್ಟೇರಿಂಗಿಗೂ ನಡುವೆ ಗೇಣು ಜಾಗವಿತ್ತು. ಕನಕರಾಜು ಆ ಜಾಗದಲ್ಲಿ ಕೈ ಆಡಿಸಿ ನೋಡಿಕೊಂಡ. ಬಸ್‌ಸ್ಟ್ಯಾಂಡಿಗೆ ಗಾಡಿ ತಂದು ನಿಲ್ಲಿಸಿದರೆ, ಡಬ್ಬಿಯ ಚೀಲ ಹಿಡಿದುಕೊಂಡು ಹತ್ತಿದವರಲ್ಲಿ ಲಕ್ಕಮ್ಮನೂ ಇದ್ದಳು. ಕಂಡಕ್ಟರ್ ಪೃಥ್ವಿರಾಜ್ ಅವಳ ಆಧಾರ್ ಕಾರ್ಡು ನೋಡಿ ಹೆಂಗಸರ ಫ್ರೀ ಟಿಕೆಟ್ ಹರಿದುಕೊಟ್ಟ. ಎಲ್ಲಿಗೆ ಹೊರಟೆ ಎಂದು ಮಗ ಗದರಿದರೆ, ನೀ ಓಗೋ ಗಂಟ ಎಂದು ಇಂಜಿನ್ ಪಕ್ಕದ ಸೀಟಿನಲ್ಲಿ ಕೂತಳು.

ದಾರಿಯಲ್ಲಿ ಅವನಿಗೆ ಒಂದು ಆಕಳಿಕೆಯೂ ಬರಲಿಲ್ಲ. ಮೋರಿ ದಾಟುವಾಗ ಇಬ್ಬರೂ ಅದರ ಕಡೆ ನೋಡಲಿಲ್ಲ.

ನುಗ್ಗೇಹಳ್ಳಿಯಲ್ಲಿ ಬಸ್ಸು ತಿರುಗಿಸಿ ನಿಲ್ಲಿಸಿದ ಮೇಲೆ ಲಕ್ಕಮ್ಮ ಡಬ್ಬಿ ಬಿಚ್ಚಿದಳು. ಒಳಗೆ ಮುದ್ದೆ. ಆದರೆ ಅದನ್ನು ಕಡಲೆಕಾಳಿನಷ್ಟು ಕಡಲೆಕಾಳಿನಷ್ಟು ಚಿವುಟಿ, ಒಂದಕ್ಕೊಂದು ಅಂಟದ ಹಾಗೆ ತುಪ್ಪ ಸವರಿ ಇಟ್ಟಿದ್ದಳು. ಸಾರನ್ನು ಬೇರೆ ತಂದಿದ್ದಳು. ಒಂದು ಚೂರನ್ನು ಅದ್ದಿ ಅವನ ಬಾಯಿಗೇ ಹಿಡಿದಳು. ಹಿಂದೆ ಜನ ಹತ್ತಿ ಕೂತಿದ್ದಾರೆ, ಕಂಡಕ್ಟರ್ ನೋಡುತ್ತಿದ್ದಾನೆ, ಕನಕರಾಜುಗೆ ನಾಚಿಕೆಯೂ ಸಿಟ್ಟೂ ಒಟ್ಟಿಗೆ ಬಂದವು. ಬಾಯಿ ತೆರೆದ. ಗಂಟಲು ಹಳೆಯ ಚಾಳಿಯಂತೆ ಮುಂದಕ್ಕೆ ಬಂತು. ಅಷ್ಟರಲ್ಲಿ ಕೆನ್ನೆಯ ಮೇಲೆ ಮೆಲ್ಲಗೆ ಒಂದು ಏಟು ಬಿತ್ತು.

"ನುಂಗ್‌ಬ್ಯಾಡ ಕಣ್ಲಾ, ಅಗಿ," ಎಂದಳು.

ಅವನು ಅಗಿದ. ಹಲ್ಲಿಗೆ ಮೆತ್ತಿಕೊಂಡಿತು, ವಸಡಿಗೆ ಅಂಟಿತು. ಇಷ್ಟು ವರ್ಷ ಉಂಡಿದ್ದರೂ ರಾಗಿಗೆ ಇಂಥ ಮಣ್ಣಿನ ರುಚಿಯಿದೆ ಎಂದು ಅವನಿಗೆ ಗೊತ್ತಿರಲಿಲ್ಲ, ಚೆನ್ನಾಗಿಯೂ ಇರಲಿಲ್ಲ. ಲಕ್ಕಮ್ಮ ಇನ್ನೊಂದು ಚೂರನ್ನು ತನ್ನ ಬಾಯಿಗೆ ಹಾಕಿಕೊಂಡಳು. ಉಳಿದಿರುವ ನಾಲ್ಕು ಹಲ್ಲಿನಲ್ಲಿ ಅವಳೂ ಅಗಿಯತೊಡಗಿದಳು, ಮುಖ ಕಿವುಚಿಕೊಂಡು, ಮಗನ ಮುಖವನ್ನೇ ನೋಡುತ್ತಾ. ತಪ್ಪಾಯ್ತವ್ವಾ ಎನ್ನಲು ಹೊರಟರೆ ಬಾಯಿ ತುಂಬ ಮುದ್ದೆ. ಅವನಿಗೆ ಕಣ್ಣು ತುಂಬಿ ಬಂತು.

ಹಿಂದಿನಿಂದ ಯಾರೋ, ಎಷ್ಟೊತ್ತು ಉಣ್ತೀಯಪ್ಪಾ ಡ್ರೈವರಣ್ಣಾ, ನಮಗೂ ಕೆಲಸವಿದೆ ಎಂದು ಕೂಗಿದರು. ಪೃಥ್ವಿರಾಜ್ ಸೀಟಿ ಬಾಯಿಗಿಟ್ಟುಕೊಂಡು ಇವರ ಕಡೆ ನೋಡಿದ. ಲಕ್ಕಮ್ಮ ಅವನಿಗೆ ಎಡಗೈ ಅಡ್ಡ ಹಿಡಿದು, ಬಲಗೈಯಲ್ಲಿ ಇನ್ನೊಂದು ಚೂರು ಅದ್ದಿದಳು. ಆವತ್ತು ನುಗ್ಗೇಹಳ್ಳಿ ಬಸ್ಸು ತಡವಾಗಿ ಹೊರಟಿತು.